ಕನ್ನಡ ಬ್ಲಾಗಿನ ಬಾಗಿಲಲ್ಲಿ ಅಕಿಸ್ಮೆಟ್

ಕನ್ನಡದಲ್ಲಿ ಬ್ಲಾಗ್ ಬರೆಯುವವರಿಗೆ ಪ್ರತಿಕ್ರಿಯೆಗಳ ಜಾಗದಲ್ಲಿ ಎದುರಾಗುವ ಕಾಟ ಎರಡು ಬಗೆಯದು. ಮೊದಲನೆಯದು ಯಂತ್ರಗಳು ತಂದು ಸುರಿಯುವ ಸ್ಪ್ಯಾಮ್: ವಶೀಕರಣದ ಜ್ಯೋತಿಷಿಯ ಮೊಬೈಲ್ ಸಂಖ್ಯೆ, ದಾಖಲೆಯಿಲ್ಲದೆ ಸಾಲ ಕೊಡುವ ಆ್ಯಪ್, ಬೆಟ್ಟಿಂಗ್ ತಾಣದ ಕೊಂಡಿ, ಲೇಖನದ ವಿಷಯ ಏನೇ ಇರಲಿ ಇಂಗ್ಲಿಷಿನಲ್ಲಿ ಹೊಗಳಿ ಕೊನೆಗೊಂದು ವಿಳಾಸ ಅಂಟಿಸಿ ಹೋಗುವ ಮೆಚ್ಚುಗೆ. ಎರಡನೆಯದು ಮನುಷ್ಯರೇ, ಅದೂ ಬಹುಮಟ್ಟಿಗೆ ನಮ್ಮಂತೆಯೇ ಬರೆಯುವವರು ಕಳಿಸುವ ಕೋರಿಕೆ: 'ನಿಮ್ಮ ಬ್ಲಾಗಿನ ಜಾಹೀರಾತಿನ ಮೇಲೆ ಕ್ಲಿಕ್ ಮಾಡಿದ್ದೇನೆ, ನನ್ನದರ ಮೇಲೂ ಒಮ್ಮೆ ಕ್ಲಿಕ್ ಮಾಡಿ ಸಹಕರಿಸಿ.' ಬ್ಲಾಗ್ ನಡೆಸಲು ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಬಳಸುವವರಿಗೆ ಮೊದಲು ಕಣ್ಣಿಗೆ ಬೀಳುವ ಸ್ಪ್ಯಾಮ್ ತಡೆ ಅಕಿಸ್ಮೆಟ್. ಈ ಎರಡು ಕಾಟಗಳ ಎದುರು ಅದು ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದನ್ನು, ಸಣ್ಣದೊಂದು ಸಾಹಿತ್ಯಿಕ ಬ್ಲಾಗನ್ನು ನೋಡಿಕೊಳ್ಳುವವನ ದೃಷ್ಟಿಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಅಕಿಸ್ಮೆಟ್ ಹುಟ್ಟಿದ್ದು 2005ರಲ್ಲಿ, ವರ್ಡ್‌ಪ್ರೆಸ್ಸಿನ ಸಹಸಂಸ್ಥಾಪಕ ಮ್ಯಾಟ್ ಮಲ್ಲೆನ್‌ವೆಗ್ ಅವರ ಆಟೋಮ್ಯಾಟಿಕ್ ಸಂಸ್ಥೆಯಿಂದ. ಹುಡುಕುತಾಣಗಳಲ್ಲಿ ಮೇಲಿನ ಸ್ಥಾನ ಗಿಟ್ಟಿಸಲು ಕಂಡಕಂಡ ಬ್ಲಾಗುಗಳಲ್ಲಿ ಕೊಂಡಿ ತುರುಕುವ ಚಾಳಿ ಆಗ ಹೆಚ್ಚುತ್ತಿತ್ತು. ಅದೇ ವರ್ಷದ ಜನವರಿಯಲ್ಲಿ ಗೂಗಲ್, ಯಾಹೂ ಮತ್ತು ಎಂಎಸ್ಎನ್ ಒಟ್ಟಾಗಿ, ಪ್ರತಿಕ್ರಿಯೆಗಳಲ್ಲಿನ ಕೊಂಡಿಗಳಿಗೆ 'ನೋಫಾಲೋ' ಎಂಬ ಗುರುತು ಹಾಕಿದರೆ ಅವುಗಳಿಗೆ ಹುಡುಕಾಟದ ಲೆಕ್ಕದಲ್ಲಿ ಬೆಲೆ ಕೊಡುವುದಿಲ್ಲ ಎಂದು ಘೋಷಿಸಿದ್ದವು. ಹಾಗೆಂದು ಸ್ಪ್ಯಾಮ್ ನಿಲ್ಲಲಿಲ್ಲ, ಏಕೆಂದರೆ ಕಳಿಸುವವನಿಗೆ ಅದರ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಸಾವಿರದಲ್ಲಿ ಒಬ್ಬ ಓದುಗ ಮೋಸಹೋದರೂ ಅವನಿಗೆ ಲಾಭವೇ.

ಈ ಸೇವೆಯ ಬಲವಿರುವುದು ಅದರ ಹರವಿನಲ್ಲಿ. ನಿಮ್ಮ ಬ್ಲಾಗಿಗೆ ಬಂದ ಪ್ರತಿಕ್ರಿಯೆಯ ಪಠ್ಯ, ಬರೆದವರ ಹೆಸರು, ಇಮೇಲ್, ಐಪಿ ವಿಳಾಸ, ಬ್ರೌಸರಿನ ವಿವರ ಇವೆಲ್ಲ ಅಕಿಸ್ಮೆಟ್ಟಿನ ಸರ್ವರಿಗೆ ಹೋಗುತ್ತವೆ. ಜಗತ್ತಿನಾದ್ಯಂತ ಅದನ್ನು ಬಳಸುವ ತಾಣಗಳಿಂದ ಕಲಿತದ್ದರ ಆಧಾರದ ಮೇಲೆ ಅದು ಸ್ಪ್ಯಾಮ್ ಹೌದೋ ಅಲ್ಲವೋ ಎಂಬ ತೀರ್ಪು ಮರಳಿ ಬರುತ್ತದೆ. ಒಂದೇ ಸಂದೇಶವನ್ನು ಸಾವಿರಾರು ಕಡೆ ಎಸೆಯುವ ಯಂತ್ರ ಈ ಜಾಲಕ್ಕೆ ಬೇಗ ಸಿಕ್ಕಿಬೀಳುತ್ತದೆ. ನಾನು ನೋಡಿಕೊಳ್ಳುವ ಬ್ಲಾಗಿನಲ್ಲಿ ಮೇಲೆ ಹೇಳಿದ ಮೊದಲ ಬಗೆಯ ಕಾಟ ಈಗ ಓದುಗರ ಕಣ್ಣಿಗೆ ಬೀಳುವುದೇ ಇಲ್ಲ. ಓದುಗರಿಗೆ ಚಿತ್ರ ಗುರುತಿಸುವ, ಲೆಕ್ಕ ಬಿಡಿಸುವ ಪರೀಕ್ಷೆಯನ್ನೂ ಇದು ಒಡ್ಡುವುದಿಲ್ಲ. ಮೊಬೈಲಿನಲ್ಲಿ ಕಷ್ಟಪಟ್ಟು ಕನ್ನಡ ಟೈಪ್ ಮಾಡುವ ಹಿರಿಯ ಓದುಗರೊಬ್ಬರಿಗೆ 'ಸಂಚಾರ ದೀಪ ಇರುವ ಚೌಕಗಳನ್ನು ಆರಿಸಿ' ಎಂದು ಕೇಳುವುದು ಎಷ್ಟು ಒರಟು ನಡೆ ಎಂಬುದು ಅಂಥವರನ್ನು ಬಲ್ಲವರಿಗೆಲ್ಲ ಗೊತ್ತು. ಈ ಒಂದು ಕಾರಣಕ್ಕಾಗಿಯೇ ನಾನು ಕ್ಯಾಪ್ಚಾ ಎಂಬ ಇಂಥ ಪರೀಕ್ಷೆಗಳಿಗಿಂತ ಇದನ್ನು ಮೇಲೆಂದು ಎಣಿಸುತ್ತೇನೆ.

ಪ್ರತಿಕ್ರಿಯೆಗಳನ್ನು ನೋಡಿ ಅನುಮೋದಿಸುವವರಿಗೆ ಕೊಡುವ ಸೌಲಭ್ಯಗಳೂ ಅಚ್ಚುಕಟ್ಟಾಗಿವೆ. ಪ್ರತಿಯೊಂದು ಪ್ರತಿಕ್ರಿಯೆಯ ಇತಿಹಾಸವನ್ನು ತೆರೆದು, ಅದನ್ನು ತಡೆದದ್ದು ಅಕಿಸ್ಮೆಟ್ಟೋ ಅನುಮೋದಕರೋ ಎಂದು ತಿಳಿಯಬಹುದು. ಪದಗಳ ಹಿಂದೆ ಅಡಗಿಸಿಟ್ಟ ಕೊಂಡಿಗಳ ಪೂರ್ಣ ವಿಳಾಸವನ್ನು ಅದು ಬಯಲಿಗೆ ತಂದು ತೋರಿಸುತ್ತದೆ. ಬರೆದವರ ಹೆಸರಿನ ಪಕ್ಕದಲ್ಲಿ ಅವರ ಎಷ್ಟು ಪ್ರತಿಕ್ರಿಯೆಗಳು ಹಿಂದೆ ಅನುಮೋದನೆ ಪಡೆದಿವೆ ಎಂಬ ಅಂಕಿಯನ್ನೂ ತೋರಿಸುವಂತೆ ಮಾಡಬಹುದು. ನಾಲ್ಕಾರು ಜನ ಸೇರಿ ನಡೆಸುವ ಬ್ಲಾಗುಗಳಲ್ಲಿ, ಒಬ್ಬರು ಬಲ್ಲ ಓದುಗರನ್ನು ಇನ್ನೊಬ್ಬರು ಬಲ್ಲವರಾಗಿರುವುದಿಲ್ಲವಾದ್ದರಿಂದ, ಈ ಅಂಕಿ ಬಹಳ ಉಪಯೋಗಕ್ಕೆ ಬರುತ್ತದೆ.

ಆದರೆ ಅಳವಡಿಸಿದ ಕೂಡಲೇ ಎರಡು ಸಂಗತಿಗಳನ್ನು ಗಮನಿಸಬೇಕು. ತೀರಾ ಕೆಟ್ಟದ್ದೆಂದು ತೋರಿದ ಸ್ಪ್ಯಾಮನ್ನು ಯಾರಿಗೂ ತೋರಿಸದೆ ಅಳಿಸಿಹಾಕುವ ಆಯ್ಕೆ ಇದರಲ್ಲಿದೆ. ಅದರ ಬದಲು, ಎಲ್ಲವನ್ನೂ ಸ್ಪ್ಯಾಮ್ ಕಡತಕ್ಕೆ ಹಾಕಿ ಪರಿಶೀಲನೆಗೆ ಇಡುವ ಆಯ್ಕೆಯನ್ನು ಆರಿಸಿಕೊಳ್ಳಿ. ಆ ಕಡತದಲ್ಲಿರುವುದು 15 ದಿನ ಕಳೆದ ಮೇಲೆ ತಾನಾಗಿ ಅಳಿಸಿಹೋಗುತ್ತದೆ ಎಂಬುದು ಎರಡನೆಯದು. ದಿನಕ್ಕೆ ನೂರಾರು ಪ್ರತಿಕ್ರಿಯೆ ಬರುವ ಸುದ್ದಿತಾಣಕ್ಕೆ ಇವೆರಡೂ ಅನುಕೂಲವೇ ಇರಬಹುದು. ಒಂದು ಕಥೆಗೆ ಐದಾರು ಪ್ರತಿಕ್ರಿಯೆ ಬಂದರೆ ಹೆಚ್ಚು ಎನ್ನುವಂಥ ಬ್ಲಾಗಿನಲ್ಲಿ ಮಾತ್ರ, ತಪ್ಪಾಗಿ ಸ್ಪ್ಯಾಮ್ ಎನಿಸಿಕೊಂಡ ಒಂದೇ ಒಂದು ಓದುಗಪತ್ರವೂ ದೊಡ್ಡ ನಷ್ಟ. ಯಾವ ಫಿಲ್ಟರೂ ತಪ್ಪು ಮಾಡದೆ ಇರುವುದಿಲ್ಲ. ವಾರಕ್ಕೊಮ್ಮೆಯಾದರೂ ಆ ಕಡತವನ್ನು ಕೊನೆಯವರೆಗೆ ನೋಡುವ ಅಭ್ಯಾಸ ಇಲ್ಲದವರು ಇಂಥ ಸೇವೆಯನ್ನು ಬಳಸಬಾರದು ಎಂಬಷ್ಟರಮಟ್ಟಿಗೆ ನನಗೆ ಇದು ಮುಖ್ಯವೆನಿಸುತ್ತದೆ.

ಓದುಗರ ಇಮೇಲ್ ಮತ್ತು ಐಪಿ ವಿಳಾಸ ಹೊರಗಿನ ಸರ್ವರಿಗೆ ಹೋಗುತ್ತದೆ ಎಂಬುದನ್ನು ಅವರಿಗೆ ತಿಳಿಸುವುದು ನಮ್ಮ ಕರ್ತವ್ಯ. ಪ್ರತಿಕ್ರಿಯೆ ಬರೆಯುವ ಜಾಗದ ಕೆಳಗೆ ಆ ಸೂಚನೆಯನ್ನು ತೋರಿಸುವ ವ್ಯವಸ್ಥೆ ಅಕಿಸ್ಮೆಟ್ಟಿನಲ್ಲೇ ಇದೆ, ಅದನ್ನು ಚಾಲೂ ಮಾಡಬೇಕು. ಯುರೋಪಿನಲ್ಲಿ ನೆಲೆಸಿರುವ ಕನ್ನಡಿಗರೂ ನಮ್ಮ ಬ್ಲಾಗುಗಳನ್ನು ಓದುತ್ತಾರಾದ್ದರಿಂದ, ಅಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣೆಯ ನಿಯಮಗಳನ್ನು ನೆನೆದಾದರೂ ಇದನ್ನು ಮಾಡುವುದು ಲೇಸು. ದತ್ತಾಂಶ ಹೊರಗೆ ಹೋಗುವುದೇ ಬೇಡ ಎನ್ನುವವರಿಗೆ ಆ್ಯಂಟಿಸ್ಪ್ಯಾಮ್ ಬೀ ಎಂಬ ಉಚಿತ ಪ್ಲಗಿನ್ (ವರ್ಡ್‌ಪ್ರೆಸ್ಸಿಗೆ ಜೋಡಿಸುವ ಸಣ್ಣ ತಂತ್ರಾಂಶ) ಇದೆ; ಅದಕ್ಕೆ ನೋಂದಣಿಯೂ ಬೇಕಿಲ್ಲ.

ಇನ್ನು ಬೆಲೆ. ವೈಯಕ್ತಿಕ ಬ್ಲಾಗುಗಳಿಗೆ ಅಕಿಸ್ಮೆಟ್ ಉಚಿತವಾಗಿಯೇ ಸಿಗುತ್ತದೆ. ಇಷ್ಟವಿದ್ದವರು ಇಷ್ಟ ಬಂದಷ್ಟು ಕೊಡಬಹುದು. ಆದರೆ ಆ ದಾರಿಯಲ್ಲಿ ಸೇವೆಯನ್ನು ಚಾಲೂ ಮಾಡುವ ಸಂಕೇತದ ಕೀಲಿ ಪಡೆಯುವಾಗ, ತಾಣದಲ್ಲಿ ಜಾಹೀರಾತುಗಳಿಲ್ಲ, ಏನನ್ನೂ ಮಾರುವುದಿಲ್ಲ, ಯಾವ ವ್ಯಾಪಾರದ ಪ್ರಚಾರವನ್ನೂ ಮಾಡುವುದಿಲ್ಲ ಎಂದು ಒಪ್ಪಿಕೊಳ್ಳಬೇಕು. ಎಂದರೆ ಗೂಗಲ್ಲಿನ ಜಾಹೀರಾತು ಸೇವೆಯಾದ ಆ್ಯಡ್‌ಸೆನ್ಸ್ ಮೂಲಕ ಜಾಹೀರಾತು ಹಾಕಿಕೊಂಡ ಬ್ಲಾಗು, ಅದರಿಂದ ಬರುವ ಆದಾಯ ಎಷ್ಟೇ ಅಲ್ಪವಾಗಿರಲಿ, ವೈಯಕ್ತಿಕವೆಂದು ಲೆಕ್ಕಕ್ಕೆ ಬರುವುದಿಲ್ಲ. ಆ್ಯಡ್‌ಸೆನ್ಸ್ ಖಾತೆಯಲ್ಲಿ 100 ಡಾಲರ್ ಕೂಡುವವರೆಗೆ ಹಣ ಕೈಗೆ ಬರುವುದಿಲ್ಲ. ಕನ್ನಡದ ಸಾಹಿತ್ಯಿಕ ಬ್ಲಾಗೊಂದಕ್ಕೆ ಆ ಮೊತ್ತ ತಲುಪುವುದು ನಿಧಾನದ ಕೆಲಸ. ಜಾಹೀರಾತು ಹಾಕುವ ಮೊದಲು, ಸ್ಪ್ಯಾಮ್ ತಡೆಗೆ ತೆರಬೇಕಾದ ಶುಲ್ಕವನ್ನೂ ಕೂಡಿಸಿ ಲೆಕ್ಕ ಹಾಕುವುದು ಒಳ್ಳೆಯದು. ಎಷ್ಟೋ ಬ್ಲಾಗುಗಳಿಗೆ ಜಾಹೀರಾತು ತೆಗೆದುಹಾಕುವುದೇ ಲಾಭದ ದಾರಿಯಾಗಿ ಕಾಣಬಹುದು.

ಎರಡನೆಯ ಬಗೆಯ ಕಾಟ ಹುಟ್ಟುವುದೂ ಈ ಅಲ್ಪ ಆದಾಯದ ಆಸೆಯಿಂದಲೇ. ಆ್ಯಡ್‌ಸೆನ್ಸ್ ಹಿಂದಿಗೆ 2014ರಲ್ಲೇ ಬಂದರೂ ಕನ್ನಡಕ್ಕೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಬಂದ ಮೇಲೆ, ಬರೆಯುವವರ ವಾಟ್ಸಾಪ್ ಮತ್ತು ಟೆಲಿಗ್ರಾಂ ಗುಂಪುಗಳಲ್ಲಿ ಪರಸ್ಪರ ಕ್ಲಿಕ್ ಮಾಡಿಕೊಳ್ಳುವ ಏರ್ಪಾಟು ಕಾಣಿಸಿಕೊಂಡಿತು. ಅದೇ ಕೋರಿಕೆ ಪ್ರತಿಕ್ರಿಯೆಯ ರೂಪದಲ್ಲಿ, ಸಂಪರ್ಕ ಪುಟದ ಮೂಲಕವೂ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಇದನ್ನು ಸಹಕಾರವೆಂದೇ ನಂಬಿರುತ್ತಾರೆ ಎಂಬುದು ನನ್ನ ಗ್ರಹಿಕೆ. ಆದರೆ ಆ್ಯಡ್‌ಸೆನ್ಸ್ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ: ಸ್ವಂತ ಜಾಹೀರಾತಿನ ಮೇಲೆ ಕ್ಲಿಕ್ ಮಾಡುವಂತಿಲ್ಲ, ಇತರರಿಗೆ ಮಾಡಿ ಎಂದು ಕೇಳುವಂತಿಲ್ಲ, ಬಾಣದ ಗುರುತು ಹಾಕಿ ಗಮನ ಸೆಳೆಯುವಂತಿಲ್ಲ, ಯಾವುದೋ ಒಳ್ಳೆಯ ಕೆಲಸಕ್ಕೆ ಹಣ ಹೋಗುತ್ತದೆ ಎಂದು ಹೇಳಿಯೂ ಕ್ಲಿಕ್ ಬೇಡುವಂತಿಲ್ಲ. ಉಲ್ಲಂಘಿಸಿದರೆ ಖಾತೆ ಅಮಾನತಾಗಬಹುದು, ಶಾಶ್ವತವಾಗಿ ಮುಚ್ಚಲೂಬಹುದು. ಅಂಥ ಕ್ಲಿಕ್ಕುಗಳಿಂದ ಬಂದ ಹಣ ಬ್ಲಾಗಿಗರಿಗೆ ಸೇರುವುದೂ ಇಲ್ಲ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಗೂಗಲ್ 2023ರ ನವೆಂಬರಿನಲ್ಲಿ ಪ್ರಕಟಿಸಿದಂತೆ, 2024ರ ಆರಂಭದಿಂದ ಆ್ಯಡ್‌ಸೆನ್ಸ್ ಬ್ಲಾಗಿಗರಿಗೆ ಕ್ಲಿಕ್ಕಿನ ಬದಲು ಜಾಹೀರಾತು ಪ್ರದರ್ಶನವಾದ ಲೆಕ್ಕದಲ್ಲಿ ಹಣ ಕೊಡುವ ಪದ್ಧತಿಗೆ ಹೊರಳಿದೆ. ಹಾಗಾಗಿ ಕ್ಲಿಕ್ ಮಾಡಿಕೊಡಿ ಎಂದು ಗೆಳೆಯರನ್ನು ಕೇಳುವವರು ಖಾತೆಯನ್ನು ಅಪಾಯಕ್ಕೆ ಒಡ್ಡುತ್ತಿರುವುದು, ಈಗ ಅಷ್ಟಾಗಿ ಸಂದಾಯವೇ ಇಲ್ಲದ ಕೆಲಸಕ್ಕಾಗಿ. ಇತ್ತ ಜಾಹೀರಾತು ಕೊಟ್ಟವರಲ್ಲಿ ಕ್ಲಿಕ್ಕಿನ ಲೆಕ್ಕದಲ್ಲೇ ಹಣ ತೆರುವವರು ಇನ್ನೂ ಇದ್ದಾರೆ. ಆ ಜಾಹೀರಾತು ದಾವಣಗೆರೆಯ ಒಂದು ಸೀರೆ ಅಂಗಡಿಯದಾಗಿರಬಹುದು, ಧಾರವಾಡದ ಒಂದು ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೇಂದ್ರದ್ದಾಗಿರಬಹುದು. ಸುಳ್ಳು ಕ್ಲಿಕ್ಕುಗಳಲ್ಲಿ ಗೂಗಲ್ ಗುರುತಿಸಿದ್ದಕ್ಕೆ ಅವರಿಗೆ ಹಣ ಮರಳಬಹುದು; ಗುರುತಿಸದೆ ಉಳಿದದ್ದರ ಹೊರೆ ಅವರ ಮೇಲೆಯೇ. ಕನ್ನಡ ತಾಣಗಳಲ್ಲಿ ಜಾಹೀರಾತು ಹಾಕಿದರೆ ಗಿರಾಕಿ ಬರುವುದಿಲ್ಲ ಎಂಬ ಅನುಭವ ಇಂಥ ವ್ಯಾಪಾರಿಗಳಿಗೆ ಒಮ್ಮೆ ಆಯಿತೆಂದರೆ, ನಷ್ಟ ಅನುಭವಿಸುವವರು ಪ್ರಾಮಾಣಿಕವಾಗಿ ಬರೆಯುವ ಎಲ್ಲ ಕನ್ನಡಿಗರು. ನನಗೆ ನಿಜವಾಗಿ ನೋವು ಕೊಡುವುದು ಇದೇ.

ಈ ಕೋರಿಕೆಗಳನ್ನು ಹಿಡಿಯುವ ಕೆಲಸವನ್ನು ಅಕಿಸ್ಮೆಟ್ಟಿನಿಂದ ನಿರೀಕ್ಷಿಸುವಂತಿಲ್ಲ. ಅವು ಶುದ್ಧ ಕನ್ನಡದಲ್ಲಿರುತ್ತವೆ, ಅವುಗಳಲ್ಲಿ ಕೊಂಡಿ ಇರುವುದಿಲ್ಲ, ನಿಜವಾದ ಇಮೇಲಿನಿಂದ ಬರುತ್ತವೆ, ಏಳೆಂಟು ಪರಿಚಿತ ಬ್ಲಾಗುಗಳಿಗೆ ಮಾತ್ರ ಹೋಗುತ್ತವೆ. ಸಾವಿರಾರು ತಾಣಗಳಲ್ಲಿ ಮರುಕಳಿಸುವುದನ್ನು ನೋಡಿ ಕಲಿಯುವ ವ್ಯವಸ್ಥೆಗೆ ಇಲ್ಲಿ ಕಲಿಯಲು ಏನೂ ಸಿಗುವುದಿಲ್ಲ. ಈ ಕೆಲಸಕ್ಕೆ ವರ್ಡ್‌ಪ್ರೆಸ್ಸಿನಲ್ಲೇ ಇರುವ ಪದಪಟ್ಟಿಗಳು ಹೆಚ್ಚು ಉಪಯುಕ್ತ. ಪಟ್ಟಿಗಳು ಎರಡಿವೆ: ಒಂದರಲ್ಲಿರುವ ಪದ ಕಂಡರೆ ಪ್ರತಿಕ್ರಿಯೆ ಅನುಮೋದನೆಗೆ ಕಾಯುತ್ತದೆ, ಇನ್ನೊಂದರಲ್ಲಿರುವುದು ಕಂಡರೆ ನೇರ ಕಸದ ಬುಟ್ಟಿಗೆ ಹೋಗುತ್ತದೆ. ಕನ್ನಡದ ಪದಗಳನ್ನು ಮೊದಲನೆಯದರಲ್ಲಿ ಮಾತ್ರ ಹಾಕಬೇಕು. ವರ್ಡ್‌ಪ್ರೆಸ್ ಇಡೀ ಪದವನ್ನು ನೋಡದೆ ಅಕ್ಷರಗಳ ಸರಣಿಯನ್ನು ಮಾತ್ರ ನೋಡುವುದೇ ಇದಕ್ಕೆ ಕಾರಣ. ಆ್ಯಪುಗಳ ಕಾಟ ತಪ್ಪಿಸಲೆಂದು 'ಸಾಲ' ಎಂದು ಸೇರಿಸಿದರೆ, 'ಈ ಕವಿತೆಯ ಕೊನೆಯ ಸಾಲು ಇಷ್ಟವಾಯಿತು' ಎಂದು ಬರೆದವರೂ, ಸಾಲುಮರದ ತಿಮ್ಮಕ್ಕನವರನ್ನು ನೆನೆದವರೂ ಸಿಕ್ಕಿಬೀಳುತ್ತಾರೆ. ಅದೇ ಗುಣವನ್ನು ನಮ್ಮ ಅನುಕೂಲಕ್ಕೂ ಬಳಸಬಹುದು: 'ಜಾಹೀರಾತ' ಎಂಬಷ್ಟನ್ನೇ ಹಾಕಿದರೆ ಜಾಹೀರಾತು, ಜಾಹೀರಾತಿನ, ಜಾಹೀರಾತನ್ನು ಎಲ್ಲವೂ ತಡೆಯಲ್ಪಡುತ್ತವೆ. 'ಜಾಹಿರಾತ' ಎಂಬ ತಪ್ಪು ಕಾಗುಣಿತವನ್ನೂ ಜೊತೆಗೆ ಹಾಕಿಡಿ. 'ಕ್ಲಿಕ್' ಎಂದು ಹಾಕಿದರೆ ಕ್ಲಿಕ್ಕು, ಕ್ಲಿಕ್ಕಿಸಿ ಎಂಬವೂ ಅದರೊಳಗೇ ಬರುತ್ತವೆ.

ತಡೆದ ಮೇಲೆ ಏನು ಮಾಡಬೇಕೆಂಬುದರಲ್ಲಿ ಅನುಮೋದಕರ ನಡುವೆ ಭಿನ್ನಾಭಿಪ್ರಾಯವಿದೆ. ಎಲ್ಲವನ್ನೂ ಸ್ಪ್ಯಾಮ್ ಎಂದು ಗುರುತಿಸಿಬಿಡುವುದು ಹಲವರ ರೂಢಿ. ನನಗೆ ಅದು ಸರಿಯೆನಿಸುವುದಿಲ್ಲ. ಸ್ಪ್ಯಾಮ್ ಎಂಬ ಗುರುತು ಅಕಿಸ್ಮೆಟ್ಟಿಗೆ ವರದಿಯಾಗಿ ಹೋಗುತ್ತದೆ, ಬರೆದವರ ಇತರ ಪ್ರತಿಕ್ರಿಯೆಗಳ ಮೇಲೂ ಅದರ ನೆರಳು ಬೀಳಬಹುದು. ಕಸದ ಬುಟ್ಟಿಗೆ ಹಾಕಿದರೆ ವರದಿ ಹೋಗುವುದಿಲ್ಲ. ಆದ್ದರಿಂದ ಮೊದಲ ಸಲ ಬುಟ್ಟಿಗೆ ಹಾಕಿ, ಕೇಳಿದವರಿಗೆ ನೇರವಾಗಿ ಇಮೇಲ್ ಬರೆಯುವುದು ಮೇಲು: ಕೋರಿಕೆಯನ್ನು ಪ್ರಕಟಿಸಿಲ್ಲ, ಕ್ಲಿಕ್ ಮಾಡಿಲ್ಲ, ಹೀಗೆ ಕೇಳುವುದರಿಂದ ನಿಮ್ಮ ಖಾತೆಗೇ ಅಪಾಯ, ನಿಮ್ಮ ಬರಹದ ಬಗ್ಗೆ ಬರೆಯುವುದಾದರೆ ಸಂತೋಷದಿಂದ ಪ್ರಕಟಿಸುತ್ತೇನೆ ಎಂದು. ಮತ್ತೆ ಮತ್ತೆ ಅದನ್ನೇ ಕಳಿಸುವವರ ವಿಷಯದಲ್ಲಿ ಮಾತ್ರ ಸ್ಪ್ಯಾಮ್ ಗುರುತನ್ನು ಬಳಸಬೇಕು. ಇದಕ್ಕೆ ಹೊತ್ತು ಬೇಕು ನಿಜ. ಯಂತ್ರದ ಸ್ಪ್ಯಾಮನ್ನು ಅಕಿಸ್ಮೆಟ್ ನೋಡಿಕೊಳ್ಳುವುದರಿಂದ ಆ ಹೊತ್ತು ಸಿಗುತ್ತದೆ.

'ನಾನು ಆಗಲೇ ನಿಮ್ಮ ಜಾಹೀರಾತಿನ ಮೇಲೆ ಹತ್ತಾರು ಬಾರಿ ಕ್ಲಿಕ್ ಮಾಡಿದ್ದೇನೆ' ಎಂದು ಯಾರಾದರೂ ಬರೆದರೆ ಸುಮ್ಮನಿರಬಾರದು. ಜಾಹೀರಾತಿನ ಕ್ಲಿಕ್ಕುಗಳು ಅಕಿಸ್ಮೆಟ್ಟಿನ ಕಣ್ಣಿಗೆ ಬೀಳುವುದಿಲ್ಲ, ಅದು ನೋಡುವುದು ಪ್ರತಿಕ್ರಿಯೆಗಳನ್ನು ಮಾತ್ರ. ಅಸಿಂಧು ಕ್ಲಿಕ್ಕುಗಳ ಬಗ್ಗೆ ತಿಳಿಸಲು ಗೂಗಲ್ ಪ್ರತ್ಯೇಕ ನಮೂನೆಯನ್ನು ಇಟ್ಟಿದೆ. ಆ್ಯಡ್‌ಸೆನ್ಸ್ ಸಹಾಯ ಪುಟಗಳಲ್ಲಿ ಸಿಗುವ ಅದನ್ನು, ಪ್ರತಿಕ್ರಿಯೆ ಬಂದ ದಿನ, ಸಮಯ ಮತ್ತು ಐಪಿ ವಿಳಾಸದೊಂದಿಗೆ ಅಂದೇ ತುಂಬಿ ಕಳಿಸಿ. ಗೂಗಲ್ಲಿನ ಬ್ಲಾಗ್ ಸೇವೆಯಾದ ಬ್ಲಾಗ್‌ಸ್ಪಾಟ್ ಬಳಸುವವರಿಗೆ ಅಕಿಸ್ಮೆಟ್ ಲಭ್ಯವಿಲ್ಲ, ಗೂಗಲ್ಲಿನದೇ ಸ್ಪ್ಯಾಮ್ ತಡೆ ಅಲ್ಲಿದೆ. ಆದರೆ ಈ ನಮೂನೆ ಅವರಿಗೂ ಅನ್ವಯಿಸುತ್ತದೆ.