ನಗಿಸುವ ನಾಲ್ಕು ಮಾಯಾಲೋಕಗಳು: ಎರಡನೇ ಸಲ ನೋಡಿದಾಗ ಉಳಿದದ್ದು ಯಾವುದು?

ರಜೆಗೆ ಬಂದಿದ್ದ ಅಕ್ಕನ ಮಗ ಕೇಳಿದ. "ಮಾಮ, ಮಾಯ ಮಂತ್ರ ಎಲ್ಲ ಇರ್ಬೇಕು, ಆದ್ರೆ ನಗು ಬರ್ಬೇಕು. ಅಂಥ ಅನಿಮೆ ಯಾವ್ದಿದೆ?" ಅನಿಮೆ ಅಂದರೆ ಜಪಾನಿನ ಅನಿಮೇಷನ್ ಸರಣಿ. ಅವನಿಗೆ ಹದಿನಾಲ್ಕು ವರ್ಷ. ಒಂದೇ ಹೆಸರು ಹೇಳಲು ನನಗೆ ಆಗಲಿಲ್ಲ. ಮನಸ್ಸಿಗೆ ಬಂದದ್ದು ನಾಲ್ಕು: ಕೊನೊಸುಬಾ, ಡಂಜನ್ ಮೇಶಿ, ಇಂಗ್ಲಿಷಿನಲ್ಲಿ 'ಡೆವಿಲ್ ಈಸ್ ಎ ಪಾರ್ಟ್ ಟೈಮರ್' ಎಂದು ಕರೆಯುವ ಹತರಾಕು ಮಾವೊ-ಸಾಮಾ, ಮತ್ತೆ ಮಿಸ್ ಕೊಬಯಾಶಿಯ ಡ್ರ್ಯಾಗನ್ ಮೇಡ್. ನಾಲ್ಕೂ ಬೇರೆ ಬೇರೆ ರೀತಿ ನಗಿಸುತ್ತವೆ. ಎಡವುವುದೂ ಬೇರೆ ಬೇರೆ ಕಡೆ.

ಹಾಗಾಗಿ ನಾಲ್ಕನ್ನೂ ಮೊದಲಿಂದ ಇನ್ನೊಂದು ಸಲ ನೋಡಿದೆ. ರಾತ್ರಿ ಊಟ ಆದ ಮೇಲೆ ಎರಡೆರಡು ಎಪಿಸೋಡ್. ಎಲ್ಲವೂ ಜಪಾನಿ ಧ್ವನಿ, ಇಂಗ್ಲಿಷ್ ಸಬ್‌ಟೈಟಲ್. ಕೆಲವನ್ನು ಹಾಲ್‌ನಲ್ಲಿ ಎಲ್ಲರ ಜೊತೆ, ಕೆಲವನ್ನು ರೂಮಿನಲ್ಲಿ ಒಬ್ಬನೇ. ಯಾಕೆ ಒಬ್ಬನೇ ಅನ್ನೋದು ಮುಂದೆ ಗೊತ್ತಾಗುತ್ತದೆ.

ನಾನು ನೋಡಿದ್ದು ಮುಖ್ಯವಾಗಿ ಒಂದೇ ವಿಷಯ. ನಗು ಎಲ್ಲಿಂದ ಬರುತ್ತಿದೆ? ಮಾಯಾಲೋಕಕ್ಕೆ ಅದರದ್ದೇ ಆದ ನಿಯಮ ಇರುತ್ತದೆ. ಮಂತ್ರಕ್ಕೆ ಎಷ್ಟು ಶಕ್ತಿ ಬೇಕು, ಸತ್ತವರು ಮತ್ತೆ ಬದುಕುತ್ತಾರಾ, ರಾಕ್ಷಸ ಏನು ತಿನ್ನುತ್ತಾನೆ, ಹೀಗೆ. ಆ ನಿಯಮದೊಳಗಿಂದಲೇ ನಗು ಹುಟ್ಟಿದರೆ ಎರಡನೇ ಸಲವೂ ನಗು ಬರುತ್ತದೆ. ನಿಯಮವನ್ನು ಪಕ್ಕಕ್ಕಿಟ್ಟು ಸುಮ್ನೆ ಜೋಕ್ ತುರುಕಿದರೆ ಎರಡನೇ ಸಲಕ್ಕೆ ಅದು ಸಪ್ಪೆ.

ಮೊದಲು ಕೊನೊಸುಬಾ. ನಾಲ್ಕರಲ್ಲಿ ಜಾಸ್ತಿ ಜೋರಾಗಿ ನಗಿಸಿದ್ದು ಇದೇ. ನತ್ಸುಮೆ ಅಕಾತ್ಸುಕಿ ಬರೆದ ಕಾದಂಬರಿಗಳ ಸರಣಿ ಇದಕ್ಕೆ ಮೂಲ. ಮೊದಲ ಸೀಸನ್ 2016ರಲ್ಲಿ ಬಂತು, ಎರಡನೆಯದು 2017ರಲ್ಲಿ. ಎರಡೂ ಸ್ಟುಡಿಯೋ ಡೀನ್ ಮಾಡಿದ್ದು, ಎರಡರಲ್ಲೂ ಹತ್ತು ಹತ್ತು ಎಪಿಸೋಡ್. ಹುಡುಗಿಗೆ ಲಾರಿ ಗುದ್ದುತ್ತದೆ ಅಂತ ಓಡಿಹೋಗಿ ತಳ್ಳಿದ ಕಜುಮಾ ಸಾಯುತ್ತಾನೆ. ಆದರೆ ಬಂದದ್ದು ಲಾರಿಯಲ್ಲ, ಮೆಲ್ಲಗೆ ಬರುತ್ತಿದ್ದ ಟ್ರ್ಯಾಕ್ಟರ್. ಅವನು ಸತ್ತದ್ದು ಗಾಬರಿಯಿಂದ. ಬೇರೆ ಲೋಕಕ್ಕೆ ಹೋಗುವಾಗ ಒಂದು ವಸ್ತು ಜೊತೆಗೆ ಒಯ್ಯಬಹುದು ಅಂದಾಗ, ತನ್ನ ಸಾವನ್ನು ಆಡಿಕೊಂಡು ನಕ್ಕ ದೇವತೆ ಆಕ್ವಾಳನ್ನೇ ಸಿಟ್ಟಿನಲ್ಲಿ ಆರಿಸಿಕೊಳ್ಳುತ್ತಾನೆ. ಆಮೇಲೆ ಇಬ್ಬರೂ ಊರಿನ ಗೋಡೆ ಕಟ್ಟುವ ಕೂಲಿ ಕೆಲಸ ಮಾಡಿ, ರಾತ್ರಿ ಕುದುರೆ ಲಾಯದಲ್ಲಿ ಮಲಗುತ್ತಾರೆ.

ಇದರ ಬಲ ನಾಲ್ಕನೇ ಎಪಿಸೋಡ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಮಂತ್ರವಾದಿ ಹುಡುಗಿ ಮೆಗುಮಿನ್ ಬಳಿ ಇರುವುದು ಒಂದೇ ಮಂತ್ರ, ಸ್ಫೋಟ. ದಿನಕ್ಕೆ ಒಂದೇ ಸಲ. ಮಾಡಿದ ತಕ್ಷಣ ಕುಸಿದು ಬೀಳುತ್ತಾಳೆ, ಕಜುಮಾ ಅವಳನ್ನು ಬೆನ್ನ ಮೇಲೆ ಹೊತ್ತು ಊರಿಗೆ ತರಬೇಕು. ಇದು ನಿಯಮ. ಇಬ್ಬರೂ ದಿನಾ ಗುಡ್ಡದ ಮೇಲೆ ನಿಂತು, ಪಾಳು ಬಿದ್ದಿದೆ ಎಂದುಕೊಂಡ ಕೋಟೆಯ ಮೇಲೆ ಸ್ಫೋಟ ಮಾಡುತ್ತಾರೆ. ಮಳೆಯಲ್ಲೂ ಬಿಡುವುದಿಲ್ಲ. ದಿನ ಕಳೆದ ಹಾಗೆ ಕಜುಮಾ ರಸಿಕನಾಗುತ್ತಾನೆ. ಸಂಗೀತ ಕಚೇರಿ ಮುಗಿಸಿ ಬಂದವರ ಹಾಗೆ, ಇವತ್ತಿನ ಸ್ಫೋಟ ಹೇಗಿತ್ತು ಅಂತ ವಿಮರ್ಶೆ ಮಾಡುತ್ತಾನೆ. ಕೊನೆಗೆ ಆ ಕೋಟೆಯೊಳಗಿದ್ದ ತಲೆಯಿಲ್ಲದ ಸೇನಾಪತಿ ತನ್ನ ತಲೆಯನ್ನು ಕೈಯಲ್ಲಿ ಹಿಡಿದುಕೊಂಡು ಊರಿಗೇ ಬಂದು, ದಿನಾ ನನ್ನ ಮನೆ ಮೇಲೆ ಸ್ಫೋಟ ಮಾಡುತ್ತಿರುವುದು ಯಾರು ಅಂತ ಕೂಗಾಡುತ್ತಾನೆ. ಮೂರನೇ ಸಲ ನೋಡಿದರೂ ನನಗೆ ಇಲ್ಲಿ ನಗು ತಡೆಯಲು ಆಗುವುದಿಲ್ಲ. ಒಂದು ಮಂತ್ರ, ದಿನಕ್ಕೊಂದು ಸಲ, ಅಷ್ಟರಿಂದಲೇ ಇಡೀ ಕಥೆ ಹುಟ್ಟಿದೆ.

ಭಾಷೆಯ ವಿಷಯ ಒಂದು ಹೇಳಲೇಬೇಕು. ಮೆಗುಮಿನ್ ತನ್ನ ಪರಿಚಯ ಮಾಡಿಕೊಳ್ಳುವಾಗ 'ವಾಗಾ ನಾ ವಾ ಮೆಗುಮಿನ್' ಎನ್ನುತ್ತಾಳೆ. ಇದು ಈಗಿನ ಆಡುಮಾತಲ್ಲ, ಹಳೆಯ ಗತ್ತಿನ ಜಪಾನಿ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಅದು ಬರೀ 'ನನ್ನ ಹೆಸರು ಮೆಗುಮಿನ್' ಆಗಿಬಿಡುತ್ತದೆ. ಬಯಲಾಟದಲ್ಲಿ ಸಾರಥಿ "ತಾವು ಧಾರು?" ಅಂತ ಕೇಳಿದಾಗ ವೇಷಧಾರಿ ಎದೆ ಉಬ್ಬಿಸಿ ತನ್ನ ಹೆಸರು ಬಿರುದು ಹೇಳುತ್ತಾನಲ್ಲ, ಆ ಧಾಟಿ ಅದು. ರಿಯೆ ತಕಾಹಾಶಿ ಧ್ವನಿಯಲ್ಲಿ ಅದನ್ನು ಕೇಳಿದರೆ ನಮ್ಮ ಕಿವಿಗೆ ಬೇಗ ಹಿಡಿಯುತ್ತದೆ.

ಕೊರತೆಯೂ ದೊಡ್ಡದೇ. ಡಾರ್ಕ್‌ನೆಸ್ ಎಂಬ ಯೋಧೆಗೆ ಪೆಟ್ಟು ತಿನ್ನುವುದೇ ಖುಷಿ ಅನ್ನುವ ಒಂದೇ ಜೋಕು ಮತ್ತೆ ಮತ್ತೆ ಬರುತ್ತದೆ. ಮೊದಲ ಸಲ ನಗು, ಆರನೇ ಸಲ ಬೇಸರ. ಕಜುಮಾ ಕದಿಯುವ ವಿದ್ಯೆ ಬಳಸಿ ಹುಡುಗಿಯರ ಒಳಬಟ್ಟೆ ಕಸಿಯುವ ದೃಶ್ಯ ನನಗೆ ಮೊದಲೂ ಇಷ್ಟವಾಗಿರಲಿಲ್ಲ, ಈಗ ಇನ್ನೂ ಕಿರಿಕಿರಿ ಆಯಿತು. ಅದಕ್ಕೇ ಇದನ್ನು ರೂಮಿನಲ್ಲಿ ಒಬ್ಬನೇ ನೋಡಿದೆ, ಹುಡುಗನಿಗೆ ತೋರಿಸಲಿಲ್ಲ. ಚಿತ್ರ ಸೊಟ್ಟ ಅಂತ ಕೆಲವರು ದೂರುತ್ತಾರೆ. ನನಗೆ ಅದು ದೂರಲ್ಲ. ಆಕ್ವಾ ಬಾಯಿ ಅಗಲಿಸಿ ಅಳುವಾಗ ಮುಖ ಹಿಟ್ಟಿನ ಮುದ್ದೆಯ ಹಾಗೆ ಎಳೆದಾಡುವುದೇ ಚೆಂದ. 2024ರ ಮೂರನೇ ಸೀಸನ್ ಅನ್ನು ಬೇರೆ ಸ್ಟುಡಿಯೋ ಮಾಡಿತು. ಗೆರೆಗಳು ನೀಟಾಗಿವೆ, ಆ ಸೊಟ್ಟತನದ ಮಜಾ ಕಡಿಮೆ.

ಹತರಾಕು ಮಾವೊ-ಸಾಮಾ ಇದನ್ನೇ ತಿರುಗಿಸಿ ಹಾಕುತ್ತದೆ. ಇಲ್ಲಿ ಮನುಷ್ಯ ಮಾಯಾಲೋಕಕ್ಕೆ ಹೋಗುವುದಿಲ್ಲ. ಅಲ್ಲಿಯ ರಾಕ್ಷಸ ರಾಜನೇ ಯುದ್ಧದಲ್ಲಿ ಸೋತು ಟೋಕಿಯೋಗೆ ಬಂದು ಬೀಳುತ್ತಾನೆ. ಇಲ್ಲಿ ಮಾಯಾಶಕ್ತಿ ತಾನಾಗಿ ತುಂಬಿಕೊಳ್ಳುವುದಿಲ್ಲ. ಹೊಟ್ಟೆಪಾಡಿಗೆ ಸಾಸಾಜುಕಾದಲ್ಲಿ ಒಂದು ಪುಟ್ಟ ಬಾಡಿಗೆ ಕೋಣೆ, ಹತ್ತಿರದ ಬರ್ಗರ್ ಅಂಗಡಿಯಲ್ಲಿ ಪಾರ್ಟ್ ಟೈಮ್ ಕೆಲಸ. ಮೊದಲು ಕೆಲಸ ಕಾಯಂ ಆಗಬೇಕು, ಆಮೇಲೆ ಲೋಕ ಗೆಲ್ಲಬೇಕು, ಇದು ಅವನ ಲೆಕ್ಕ. ಅವನನ್ನು ಕೊಲ್ಲಲು ಬೆನ್ನಟ್ಟಿ ಬಂದ ವೀರೆ ಎಮಿಲಿಯಾ ಕಾಲ್ ಸೆಂಟರ್‌ನಲ್ಲಿ ಕೆಲಸಕ್ಕಿದ್ದಾಳೆ. ಅವನ ಸೈಕಲ್ಲಿನ ಹೆಸರು ಡ್ಯುಲ್ಲಹಾನ್, ಅಂದರೆ ತಲೆಯಿಲ್ಲದ ಸವಾರ. ಕೊನೊಸುಬಾದ ಸೇನಾಪತಿಯೂ ಅದೇ ಜಾತಿಯವನು. ಎರಡನ್ನೂ ಒಂದೇ ವಾರದಲ್ಲಿ ನೋಡಿದ್ದರಿಂದ ಇದು ಕಣ್ಣಿಗೆ ಬಿತ್ತು.

ನನಗೆ ತುಂಬ ಇಷ್ಟವಾದವನು ಆಶಿಯಾ. ಹಿಂದೆ ರಾಕ್ಷಸ ಸೇನಾಪತಿ, ಈಗ ಮನೆಯ ಖರ್ಚು ನೋಡಿಕೊಳ್ಳುವವನು. ಧಣಿಗಳನ್ನು ಈಗಲೂ 'ಮಾವೊ-ಸಾಮಾ' ಎಂದೇ ಕರೆಯುತ್ತಾನೆ. 'ಮಹಾಪ್ರಭು' ಅಂತಲೇ ಕರೆಯುತ್ತ, ಅದೇ ಉಸಿರಿನಲ್ಲಿ ದುಡ್ಡು ಹಾಳು ಮಾಡಿದ್ದಕ್ಕೆ ಬೈದ ಹಾಗೆ. ಬಹುವಚನ ಬಿಡದೆ ಬೈಯುವ ಆ ಕಲೆ ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಎಲ್ಲರೂ ನೋಡಿದ್ದೇ ಅಲ್ವಾ? ಇಂಗ್ಲಿಷಿನಲ್ಲಿ ಅದು ಸಿಗುವುದಿಲ್ಲ.

ಇದರ ನಿಯಮ ಇನ್ನೂ ಗಟ್ಟಿ. ಜನರ ಭಯ, ಸಂಕಟ ಜಾಸ್ತಿ ಆದರೆ ಅವನಿಗೆ ಶಕ್ತಿ ವಾಪಸ್ ಬರುತ್ತದೆ. ಅಂದರೆ ಊರು ಹಾಳಾದರೆ ಅವನಿಗೆ ಲಾಭ. ಐದನೇ ಎಪಿಸೋಡ್ ಹೊತ್ತಿಗೆ ಆ ಶಕ್ತಿ ಬಂದೇ ಬರುತ್ತದೆ. ಅವನು ಅದನ್ನು ಖರ್ಚು ಮಾಡುವುದು ಎಲ್ಲಿ? ಹೊಡೆದಾಟದಲ್ಲಿ ಮುರಿದುಬಿದ್ದದ್ದನ್ನೆಲ್ಲ ರಿಪೇರಿ ಮಾಡುವುದಕ್ಕೆ. ಮಾರನೇ ದಿನ ಮತ್ತೆ ಅದೇ ಅಂಗಡಿ, ಅದೇ ಸೈಕಲ್. ಅವನು ಕೆಟ್ಟವನೋ ಒಳ್ಳೆಯವನೋ ಅಂತ ಒಂದು ಮಾತೂ ಹೇಳದೆ ತೋರಿಸಿಬಿಟ್ಟರು.

2013ರ ಆ 13 ಎಪಿಸೋಡ್‌ಗಳನ್ನು ಮಾಡಿದ್ದು ವೈಟ್ ಫಾಕ್ಸ್ ಸ್ಟುಡಿಯೋ. ಒಂಬತ್ತು ವರ್ಷ ಕಾದ ಮೇಲೆ 2022ರಲ್ಲಿ ಎರಡನೇ ಸೀಸನ್ ಬಂತು, ಬೇರೆ ಸ್ಟುಡಿಯೋದಿಂದ. ಅಷ್ಟು ಕಾದವನಿಗೆ ಬೇಸರವೇ ಆಯಿತು. ಮುಖಗಳು ಬದಲಾಗಿವೆ, ಚಲನೆ ಮಂಕಾಗಿದೆ. ರಾಕ್ಷಸ ರಾಜನನ್ನು ಅಪ್ಪ, ವೀರೆಯನ್ನು ಅಮ್ಮ ಅಂತ ಕರೆಯುವ ಒಂದು ಮಗು ಬರುತ್ತದೆ. ಮುದ್ದಾಗಿದೆ, ನಿಜ. ಆದರೆ ಬಾಡಿಗೆ, ಸಂಬಳ, ಪ್ರಮೋಷನ್ ಎಂಬ ಹಸಿವಿನಿಂದ ಬರುತ್ತಿದ್ದ ನಗು ಹಿಂದೆ ಸರಿಯಿತು.

ಮಿಸ್ ಕೊಬಯಾಶಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕೊಬಯಾಶಿ ಸಾಫ್ಟ್‌ವೇರ್ ಕೆಲಸದವಳು, ಸದಾ ಬೆನ್ನುನೋವು. ಕುಡಿದ ಅಮಲಿನಲ್ಲಿ ಬೆಟ್ಟ ಹತ್ತಿ, ಡ್ರ್ಯಾಗನ್ ತೋರುವಿನ ಮೈಗೆ ಚುಚ್ಚಿಕೊಂಡಿದ್ದ ಕತ್ತಿ ಕಿತ್ತು, ನಮ್ಮನೆಗೆ ಕೆಲಸಕ್ಕೆ ಬಾ ಅಂದುಬಿಡುತ್ತಾಳೆ. ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೆ ಡ್ರ್ಯಾಗನ್ ತಲೆ. ಕ್ಯೋಟೊ ಅನಿಮೇಷನ್‌ನವರ ಕೆಲಸದಲ್ಲಿ ಅಡುಗೆಮನೆಯ ಬೆಳಕು, ಮಕ್ಕಳ ನಡಿಗೆ ಎಲ್ಲ ಜೀವಂತ. 2017ರ ಮೊದಲ ಸೀಸನ್ ನಿರ್ದೇಶಿಸಿದ ಯಾಸುಹಿರೊ ತಕೆಮೊತೊ 2019ರಲ್ಲಿ ಆ ಸ್ಟುಡಿಯೋಗೆ ಬೆಂಕಿ ಹಚ್ಚಿದಾಗ ತೀರಿಕೊಂಡ 36 ಜನರಲ್ಲಿ ಒಬ್ಬರು. 2021ರ ಎರಡನೇ ಸೀಸನ್ ನೋಡುವಾಗ ಅದು ಮನಸ್ಸಿನಿಂದ ಹೋಗುವುದಿಲ್ಲ. ಮೊದಲ ಸೀಸನ್ ಕೊನೆಯಲ್ಲಿ ತೋರು ಹೊರಟುಹೋದ ಮೇಲೆ ಮನೆ ಹೇಗೆ ಕಸವಾಗುತ್ತ ಹೋಗುತ್ತದೆ ಎನ್ನುವುದು ಇಡೀ ಸರಣಿಯ ಅತ್ಯುತ್ತಮ ಭಾಗ. ಆದರೆ ಇಷ್ಟು ಮೃದುವಾದ ಕಥೆಯೊಳಗೆ ಚಿಕ್ಕ ಮಕ್ಕಳನ್ನು ಇಟ್ಟುಕೊಂಡು ಮಾಡಿದ ಅಸಹ್ಯ ಜೋಕುಗಳಿವೆ. ಅದನ್ನು ನಾನು ಒಪ್ಪುವುದಿಲ್ಲ. ಅವಕ್ಕೆ ಕಥೆಯಲ್ಲಿ ಕೆಲಸವೂ ಇಲ್ಲ, ತೆಗೆದರೆ ಏನೂ ಕಡಿಮೆಯಾಗುವುದಿಲ್ಲ. ಇದೂ ಹಾಲ್‌ಗೆ ಬರಲಿಲ್ಲ.

ಇನ್ನು ಡಂಜನ್ ಮೇಶಿ. ರ್‍ಯೋಕೊ ಕುಯಿ 2014ರಿಂದ 2023ರವರೆಗೆ ಬರೆದ 14 ಸಂಪುಟಗಳ ಮಂಗಾ, ಅಂದರೆ ಜಪಾನಿ ಕಾಮಿಕ್ಸ್, ಇದಕ್ಕೆ ಮೂಲ. 2024ರಲ್ಲಿ ಟ್ರಿಗರ್ ಸ್ಟುಡಿಯೋ 24 ಎಪಿಸೋಡ್ ಮಾಡಿತು. ನೆಲದಡಿಯ ಚಕ್ರವ್ಯೂಹದಂಥ ಜಾಗದಲ್ಲಿ ಕೆಂಪು ಡ್ರ್ಯಾಗನ್ ಲಾಯೋಸ್‌ನ ತಂಗಿ ಫಾಲಿನ್‌ಳನ್ನು ನುಂಗುತ್ತದೆ. ನುಂಗುವ ಮೊದಲು ಅವಳು ಮಂತ್ರ ಹಾಕಿ ಉಳಿದವರನ್ನೆಲ್ಲ ಹೊರಗೆ ಕಳಿಸಿರುತ್ತಾಳೆ. ಅವಳು ಜೀರ್ಣವಾಗುವ ಮೊದಲು ತಲುಪಬೇಕು. ಬುತ್ತಿಗೆ ದುಡ್ಡಿಲ್ಲ. ಹಾಗಾದರೆ ಒಳಗೆ ಸಿಗುವ ರಾಕ್ಷಸ ಪ್ರಾಣಿಗಳನ್ನೇ ಬೇಯಿಸಿ ತಿನ್ನೋಣ ಅನ್ನುತ್ತಾನೆ ಲಾಯೋಸ್. ಅವನಿಗೆ ಇದು ಬಹುಕಾಲದ ಆಸೆ ಎನ್ನುವುದು ಆಮೇಲೆ ಗೊತ್ತಾಗುತ್ತದೆ.

ಎರಡನೇ ಎಪಿಸೋಡ್ ನೋಡುವಾಗ ಅಮ್ಮ ಹಾಲ್‌ನಲ್ಲಿ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದರು. ತೆರೆಯ ಮೇಲೆ ಮ್ಯಾಂಡ್ರೇಕ್ ಎಂಬ ಗಡ್ಡೆ. ಕಿತ್ತಾಗ ಅದು ಕಿರುಚುತ್ತದೆ, ಆ ಕಿರುಚು ಕೇಳಿದವರಿಗೆ ಅಪಾಯ. ಗಡ್ಡ ಬಿಟ್ಟ ಕುಳ್ಳ ಅಡುಗೆಯವನು ಸೆನ್ಶಿ ಕಿರುಚುವ ಮೊದಲೇ ಕತ್ತು ಕೊಯ್ಯುತ್ತಾನೆ. ಮಂತ್ರವಾದಿನಿ ಮಾರ್ಸಿಲ್ ಪುಸ್ತಕದ ಪದ್ಧತಿಯೇ ಸರಿ ಅಂತ ಹಠ ಹಿಡಿದು, ತೊಂದರೆಗೆ ಸಿಕ್ಕಿಕೊಂಡೂ ಒಂದನ್ನು ಕೀಳುತ್ತಾಳೆ. ರುಚಿ ನೋಡಿದರೆ ಕಿರುಚಿ ಮುಗಿಸಿದ ಗಡ್ಡೆಗೇ ಕಹಿ ಕಡಿಮೆ! ಇದನ್ನು ಅಮ್ಮನಿಗೆ ಹೇಳಿದೆ. ಕೈ ನಿಲ್ಲಿಸದೆ ಅಂದರು: "ಹಾಗಲಕಾಯಿಗೆ ಉಪ್ಪು ಹಾಕಿ ಹಿಂಡಲ್ವಾ, ಹಂಗೇ. ಕಹಿ ಹೊರಗೆ ಹೋಗ್ಬೇಕು."

ಮುಂದಿನ ದೃಶ್ಯದಲ್ಲಿ ಅವರು ತಲೆ ಎತ್ತಿ ನೋಡಿದರು. ಕಳ್ಳರನ್ನು ಸುಡಲು ಇಟ್ಟ ಕುದಿಯುವ ಎಣ್ಣೆಯ ಬಲೆ. ಸೆನ್ಶಿಗೆ ಅದು ಬಲೆಯಲ್ಲ, ಬಾಣಲೆ. ಇಷ್ಟು ಒಳ್ಳೆ ಎಣ್ಣೆ ಸುಮ್ನೆ ಹಾಳಾಗುತ್ತಿದೆಯಲ್ಲ ಅಂತ ಅವನ ಚಿಂತೆ. ಬಲೆ ಬಿಡಿಸುವುದೇ ವೃತ್ತಿಯಾದ ಚಿಲ್ಚಕ್ ಅಡುಗೆಯವರು ನಡುವೆ ಕೈ ಹಾಕಬಾರದು ಅಂತ ರೇಗುತ್ತಾನೆ. ಕೊನೆಗೆ ಅವನ ಜಾಣ್ಮೆ, ಇವನ ಕೈರುಚಿ ಸೇರಿ ಬಾವಲಿ, ಮ್ಯಾಂಡ್ರೇಕ್ ಬಜ್ಜಿ ಗರಿಗರಿಯಾಗಿ ಮೇಲೆ ಬರುತ್ತದೆ. ಅಮ್ಮ ಪಕ್ಕಾ ಸಸ್ಯಾಹಾರಿ, ಜಪಾನಿ ಒಂದಕ್ಷರ ಬಾರದು. ಆದರೂ ಎಣ್ಣೆಯ ಗುಳ್ಳೆ ನೋಡಿ "ಕಾದಿದೆ, ಈಗ ಬಿಡ್ಬಹುದು" ಅಂದರು. ಹುಡುಗ ನಕ್ಕು ಸೋಫಾದಿಂದ ಜಾರಿದ. ಉಳಿದ ಮೂರೂ ಇದನ್ನು ಮಾಡಲಾರವು. ಇಲ್ಲಿ ನಗುವಿಗೂ ಕಥೆಗೂ ನಡುವೆ ಗೆರೆಯೇ ಇಲ್ಲ.

ಕೊರತೆ ಇಲ್ಲವೇ? ಇದೆ. ಮೊದಮೊದಲ ಎಪಿಸೋಡ್‌ಗಳು ಹುಡುಕು, ಕೊಲ್ಲು, ಬೇಯಿಸು ಎಂಬ ಒಂದೇ ಲಯದಲ್ಲಿ ಸಾಗುತ್ತವೆ. ತಂಗಿ ಹೊಟ್ಟೆಯೊಳಗಿರುವಾಗ ಇವರಿಗೆ ಇಷ್ಟು ಸಾವಕಾಶವೇ ಅಂತ ಹುಡುಗನೇ ಕೇಳಿದ. ಡ್ರ್ಯಾಗನ್ ಬಹುಕಾಲ ಮಲಗಿರುತ್ತದೆ, ನಿಧಾನವಾಗಿ ಜೀರ್ಣಿಸುತ್ತದೆ ಎಂಬ ಉತ್ತರವನ್ನು ಕಥೆಯೇ ಕೊಡುತ್ತದೆ. ಆದರೂ ಪ್ರಶ್ನೆ ನ್ಯಾಯವೇ. 12ನೇ ಎಪಿಸೋಡ್‌ನಿಂದ ಕಥೆಯ ಬಣ್ಣ ಬದಲಾಗುತ್ತದೆ. ರಕ್ತ, ನಿಷೇಧಿತ ಮಂತ್ರ, ಸಾವಿನ ಭಯ. ಬರೀ ನಗಬೇಕು ಅಂತ ಕೂತವರಿಗೆ ಭಾರ ಅನ್ನಿಸಬಹುದು. ಚಿಕ್ಕ ಮಕ್ಕಳ ಜೊತೆ ನೋಡುವವರು ಅಲ್ಲಿ ಸ್ವಲ್ಪ ಜಾಗ್ರತೆ ಇರಲಿ. ನನಗಂತೂ ಅಲ್ಲೇ ಇದರ ಮೇಲೆ ಗೌರವ ಹೆಚ್ಚಾಯಿತು. ಅಲ್ಲಿಯವರೆಗೆ ನಕ್ಕು ತಿಂದದ್ದಕ್ಕೆಲ್ಲ ಲೆಕ್ಕ ಕೇಳುತ್ತದೆ ಕಥೆ.

ಹಾಗಾಗಿ ಹುಡುಗನಿಗೆ ಮೊದಲು ಕೊಟ್ಟದ್ದು ಡಂಜನ್ ಮೇಶಿ, ಆಮೇಲೆ ಮಾವೊ-ಸಾಮಾದ ಮೊದಲ 13 ಎಪಿಸೋಡ್. ಅಲ್ಲಿಗೆ ನಿಲ್ಲಿಸು ಅಂತಲೂ ಹೇಳಿದೆ. ಕೊನೊಸುಬಾ ಅವನು ದೊಡ್ಡವನಾದ ಮೇಲೆ. ದೊಡ್ಡವರು ಕೇಳಿದರೆ, ದಿನವಿಡೀ ಕೆಲಸ ಮಾಡಿ ತಲೆ ಕೆಟ್ಟ ರಾತ್ರಿಗೆ ನಾನು ಈಗಲೂ ಅದರ ನಾಲ್ಕನೇ ಎಪಿಸೋಡ್ ಅನ್ನೇ ಹಾಕುತ್ತೇನೆ.

ಅಮ್ಮನಿಗೆ ಮಾತ್ರ ಬೇರೆ ಯಾವುದೂ ಬೇಡ. ಹುಡುಗ ಊರಿಗೆ ಹೋದ ಮೇಲೂ ಸಂಜೆ ತರಕಾರಿ ಹಿಡಿದು ಕೂತಾಗ ಕೇಳುತ್ತಾರೆ, "ಆ ಗಡ್ಡದವನು ಇವತ್ತು ಏನು ಮಾಡ್ತಾನೆ?"