ಬ್ಯಾಂಕಾಕ್‌ನ ಮೊದಲ ದಿನ: ಟ್ಯಾಕ್ಸಿ, ಟುಕ್‌ಟುಕ್, ದೋಣಿ ಮೂರೂ ಹತ್ತಿ ನೋಡಿದ್ದಾಯ್ತು

ಮೊದಲೇ ಹೇಳಿಬಿಡುತ್ತೇನೆ, ದೋಣಿ. ಬ್ಯಾಂಕಾಕ್‌ಗೆ ಹೋದ ಮೊದಲ ದಿನ ಊರು ಸುತ್ತೋಕೆ ಟ್ಯಾಕ್ಸಿನಾ, ಆಟೋ ಥರದ ಟುಕ್‌ಟುಕ್ಕಾ, ದೋಣಿನಾ ಅಂತ ಯಾರು ಕೇಳಿದರೂ ನನ್ನ ಉತ್ತರ 16 ಬಾತ್‌ನ ಕಿತ್ತಳೆ ಬಾವುಟದ ದೋಣಿ. ಅದೇ ದೋಣಿಯ ದೆಸೆಯಿಂದ ನಾವು ಒಬ್ಬ ಗೆಳೆಯನನ್ನು ಮುಕ್ಕಾಲು ಗಂಟೆ ಕಳೆದುಕೊಂಡಿದ್ದೆವು. ಆದರೂ ಉತ್ತರ ಅದೇ.

ನಾವು ನಾಲ್ಕು ಜನ. ಭಟ್ಟ, ಗೌಡ, ಶೆಟ್ಟಿ ಮತ್ತು ನಾನು. ಕಾಲೇಜು ದಿನದ ಗೆಳೆತನ, ಈಗ ಸೇರಿದರೆ ಮಂಡಿನೋವಿನ ಮಾತು. ಬೆಂಗಳೂರಿನಿಂದ ಮಧ್ಯರಾತ್ರಿ ಹೊರಡುವ ವಿಮಾನ ಅಗ್ಗ ಅಂತ ಅದಕ್ಕೇ ಟಿಕೆಟ್ ಮಾಡಿಸಿದ್ದೆವು. ತಪ್ಪು ಶುರುವಾಗಿದ್ದೇ ಅಲ್ಲಿ. ಹಾರಾಟ ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ, ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಹಾಗಾಗಿ ಇನ್ನೇನು ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಸುವರ್ಣಭೂಮಿ ವಿಮಾನ ನಿಲ್ದಾಣ, ಬೆಳಗಿನ ಜಾವ, ಇಮಿಗ್ರೇಷನ್ ಸಾಲು. ಹೋಟೆಲ್ಲಿನಲ್ಲಿ ರೂಮು ಕೊಡೋದು ಮಧ್ಯಾಹ್ನ 2ಕ್ಕೆ. ಬ್ಯಾಗುಗಳನ್ನು ಅಲ್ಲೇ ಕೆಳಗೆ ಬಿಟ್ಟು, ಮುಖ ತೊಳೆದು, ಭಟ್ಟನ ಹೆಂಡತಿ ಕಟ್ಟಿಕೊಟ್ಟಿದ್ದ ಚಪಾತಿ ಚಟ್ನಿಪುಡಿ ತಿಂದು 8 ಗಂಟೆಗೆ ಬೀದಿಗೆ ಬಿದ್ದೆವು. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ರಾತ್ರಿ ಪೂರ್ತಿ ನಿದ್ದೆ ಮಾಡಿ ಎದ್ದವರ ಲೆಕ್ಕ ಬೇರೆ, ನಮ್ಮದು ಬೇರೆ. ಅವತ್ತು ನಾನು ಪ್ರತಿಯೊಂದನ್ನೂ ಅಳೆದಿದ್ದು ಒಂದೇ ಅಳತೆಯಲ್ಲಿ: ಕೂರೋಕೆ ಜಾಗ ಇದೆಯಾ?

ಟ್ಯಾಕ್ಸಿಯಲ್ಲಿ ಇತ್ತು. ಹೋಟೆಲ್ ಸುಖುಮ್ವಿತ್ ರಸ್ತೆಯ ಅಸೋಕ್ ಹತ್ತಿರ. ಅಲ್ಲಿಂದ ಗ್ರ್ಯಾಂಡ್ ಪ್ಯಾಲೇಸ್‌ಗೆ ಆ್ಯಪ್‌ನಲ್ಲಿ ಕಾರು ಕರೆಸಿದೆವು. ಎಸಿ ತಣ್ಣಗಿತ್ತು, ಸೀಟು ಮೆತ್ತಗಿತ್ತು, ಡ್ರೈವರ್ ಒಳ್ಳೆ ಮನುಷ್ಯ. ಕಾರು ಮುಂದೆ ಹೋಗಲಿಲ್ಲ, ಅಷ್ಟೇ. ಒಂದು ಸಿಗ್ನಲ್‌ನಲ್ಲಿ ನಾನು ಎಣಿಸಿದೆ, ನಾಲ್ಕು ಸಲ ಹಸಿರು ಬಂದು ಹೋಯಿತು, ನಾವು ಇದ್ದಲ್ಲೇ ಇದ್ದೆವು. ಸಿಲ್ಕ್ ಬೋರ್ಡ್ ಕಂಡವರಿಗೆ ಇದೇನು ಹೊಸದಲ್ಲ, ಆದರೆ ಸಿಲ್ಕ್ ಬೋರ್ಡ್ ನೋಡೋಕೆ ಅಂತ ಯಾರೂ ಪಾಸ್‌ಪೋರ್ಟ್ ಮಾಡಿಸಲ್ಲ ಅಲ್ವಾ? ಒಂದು ಗಂಟೆ ಹತ್ತು ನಿಮಿಷ, 280 ಬಾತ್. ಆಗ ಒಂದು ಬಾತ್‌ಗೆ ಎರಡೂವರೆ ರೂಪಾಯಿ ಮೇಲೆ ಚಿಲ್ಲರೆ ಅಂತ ಹಿಡಿದುಕೊಳ್ಳಿ.

ಆಮೇಲೆ ಗೊತ್ತಾಯಿತು, ಅಸೋಕ್‌ನಲ್ಲೇ ಇರುವ ಸುಖುಮ್ವಿತ್ ಮೆಟ್ರೋ ಸ್ಟೇಷನ್ನಿಂದ ಸನಮ್ ಚಾಯ್‌ವರೆಗೆ ನೀಲಿ ಲೈನ್ ನೇರ ಹೋಗುತ್ತದೆ. ಅಲ್ಲಿಂದ ಅರಮನೆ ನಡೆಯುವಷ್ಟು ದೂರ. ಸ್ಟೇಷನ್ ಒಳಗೇ ಅರಮನೆ ಥರ ಕಂಬ, ಕುಸುರಿ. ಮೆಟ್ರೋ ಬಗ್ಗೆ ಇಷ್ಟು ಸಾಕು, ಬೇಗ ಮುಟ್ಟಿಸುತ್ತದೆ, ಆದರೆ ನೆಲದಡಿಯಲ್ಲಿ ನೋಡೋಕೆ ಏನಿದೆ.

ಅರಮನೆಯಲ್ಲಿ ಗೌಡನ ಚಡ್ಡಿ ತಕರಾರು. ಮಂಡಿ ಕಾಣೋ ಬಟ್ಟೆ ನಡೆಯಲ್ಲ ಅಂತ ನಾನು ಊರಲ್ಲೇ ಹೇಳಿದ್ದೆ, ಅವನು "ಬಿಡೋ, ಟೂರಿಸ್ಟ್ ಜಾಗ" ಅಂದಿದ್ದ. ಹೊರಗೆ ರಸ್ತೆಯಲ್ಲಿ ಆನೆ ಚಿತ್ರದ ಪೈಜಾಮ ಮಾರುತ್ತಾರೆ, ಒಂದು ಕೊಂಡು ಹಾಕಿಕೊಂಡ. ಒಳಗೆ ಹೋಗೋಕೆ ತಲೆಗೆ 500 ಬಾತ್. ಬಾಗಿಲಲ್ಲಿ ನಿಂತ ಭಾರಿ ರಾಕ್ಷಸರನ್ನು ನೋಡಿ ಶೆಟ್ಟಿ "ಇದು ನಮ್ಮ ಯಕ್ಷಗಾನದ ಬಣ್ಣದ ವೇಷವೇ ಅಲ್ವಾ ಮಾರಾಯ" ಅಂದ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಹಸಿರು ಮೈಯವನ ಹೆಸರು ತೋಸಕನ್, ಅಂದರೆ ದಶಕಂಠ, ನಮ್ಮ ರಾವಣನೇ. ಸುತ್ತಲಿನ ಪಡಸಾಲೆಯ ಗೋಡೆ ತುಂಬ ಅವರ ರಾಮಾಯಣ, ರಾಮಕಿಯೆನ್, 178 ಭಾಗಗಳಲ್ಲಿ ಚಿತ್ರ ಬರೆದಿದ್ದಾರೆ. ಅದರ ಹನುಮಂತ ಬಿಳಿ ಮೈಯವನು, ಬ್ರಹ್ಮಚಾರಿಯಂತೂ ಅಲ್ಲ, ಹೆಂಗಸರ ಹಿಂದೆ ಬೀಳುವ ರಸಿಕ. ಭಟ್ಟ ಇದನ್ನು ಇವತ್ತಿಗೂ ಒಪ್ಪಿಲ್ಲ.

ಅರಮನೆ ಆವರಣದ ದೇವಸ್ಥಾನದಲ್ಲಿ ಮರಕತ ಬುದ್ಧನ ಮುಂದೆ ಎಲ್ಲರೂ ನೆಲದ ಮೇಲೆ ಕೂರುತ್ತಾರೆ. ನಾವೂ ಕೂತೆವು. ಮೂರ್ತಿ ಚಿಕ್ಕದು, 66 ಸೆಂಟಿಮೀಟರ್, ಎತ್ತರದ ಪೀಠದ ಮೇಲಿದೆ. ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಒಂದೊಂದು ಬಟ್ಟೆ, ವರ್ಷಕ್ಕೆ ಮೂರು ಸಲ ಬದಲಾಯಿಸುತ್ತಾರೆ. ಗೌಡನಿಗೆ ಇದ್ಯಾವುದೂ ಬೇಕಿರಲಿಲ್ಲ, ತಣ್ಣನೆ ನೆಲ ಸಿಕ್ಕಿತ್ತು, ಕೂತಲ್ಲೇ ತೂಕಡಿಸಿದ. ತೂಕಡಿಸುತ್ತಾ ಕಾಲು ಮುಂದೆ ಚಾಚಿದ. ಬುದ್ಧನ ಕಡೆಗೆ ಪಾದ ತೋರಿಸಬಾರದು. ಕಾವಲುಗಾರ ಬಂದು ಭುಜ ಮುಟ್ಟಿ ಎಬ್ಬಿಸಿದ, ಇವನು ಗಾಬರಿಯಲ್ಲಿ ಎದ್ದು ಎರಡೂ ಕೈ ಜೋಡಿಸಿದ್ದು ನೋಡಿ ಪಕ್ಕದ ಮುದುಕಿ ನಕ್ಕೇಬಿಟ್ಟರು.

ಹೊರಗೆ ಬಂದಾಗ ಹನ್ನೊಂದೂವರೆ. ವಾಟ್ ಫೋ ದೇವಸ್ಥಾನ ಅಲ್ಲಿಂದ ಗೋಡೆ ಹಿಡಿದು ನಡೆದರೆ ಹತ್ತು ಹದಿನೈದು ನಿಮಿಷ. ಬಿಸಿಲಿಗೆ ಹೆದರಿ ಟುಕ್‌ಟುಕ್ ಹತ್ತಿದೆವು. ಅದರಲ್ಲಿ ಮೂರು ಜನ ಆರಾಮಾಗಿ ಕೂರಬಹುದು, ನಾಲ್ಕನೆಯವನು ಅಂದರೆ ನಾನು ಶೆಟ್ಟಿಯ ತೊಡೆ ಮೇಲೆ. ಡ್ರೈವರ್ "ವಾಟ್ ಫೋ 1 ಗಂಟೆವರೆಗೆ ಬಂದ್, ಪೂಜೆ ನಡೀತಿದೆ, ಅಷ್ಟರಲ್ಲಿ ಬೇರೆ ಜಾಗ ತೋರಿಸ್ತೀನಿ, 40 ಬಾತ್ ಸಾಕು" ಅಂದ. ಆ ಊರಿನಲ್ಲಿ ಇದು ಹಳೇ ಆಟ. ಓದಿಕೊಂಡೇ ಹೋಗಿದ್ದೆ. ಆದರೂ ನಿದ್ದೆಗೆಟ್ಟ ತಲೆಗೆ 40 ಬಾತ್ ಅನ್ನೋದು ಮಾತ್ರ ಕೇಳಿಸಿತು. ಕರೆದುಕೊಂಡು ಹೋಗಿದ್ದು ಸೂಟು ಹೊಲಿಯುವ ಅಂಗಡಿಗೆ. ನಿಜ ಹೇಳಬೇಕು ಅಂದರೆ ಇಡೀ ದಿನದಲ್ಲಿ ಅತಿ ಒಳ್ಳೆ ಸೋಫಾ ಇದ್ದದ್ದು ಆ ಅಂಗಡಿಯಲ್ಲೇ. ಇಪ್ಪತ್ತು ನಿಮಿಷ ಕೂತು, ತಣ್ಣೀರು ಕುಡಿದು, ಬಟ್ಟೆ ಮುಟ್ಟಿ ನೋಡಿದ ಹಾಗೆ ಮಾಡಿ ಎದ್ದು ಬಂದೆವು. ಡ್ರೈವರ್ ಮುಖ ಗಂಟು ಹಾಕಿಕೊಂಡ. ಒಡವೆ ಅಂಗಡಿಗೂ ಬನ್ನಿ ಅಂದ, ಬೇಡ ಅಂದೆವು, ಅಲ್ಲೇ ಇಳಿಸಿ ಹೊರಟುಹೋದ. ನಡೆದೇ ಹೋದೆವು. ವಾಟ್ ಫೋ ಬೆಳಗ್ಗೆಯಿಂದ ತೆರೆದೇ ಇತ್ತು.

46 ಮೀಟರ್ ಉದ್ದದ ಮಲಗಿದ ಬುದ್ಧ. ಅಷ್ಟು ಸುಸ್ತಾಗಿದ್ದಾಗ ಮಲಗಿದವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಅದು ಬುದ್ಧನೇ ಆಗಿರಲಿ. ಬೆನ್ನ ಹಿಂದಿನ ಸಾಲಿನಲ್ಲಿ 108 ಕಂಚಿನ ಬಟ್ಟಲು ಇಟ್ಟಿದ್ದಾರೆ, ಒಂದೊಂದಕ್ಕೂ ಒಂದೊಂದು ಚಿಕ್ಕ ನಾಣ್ಯ ಹಾಕುತ್ತಾ ಹೋಗಬೇಕು. ಆ ಟಣ್ ಟಣ್ ಸದ್ದು ಕಟ್ಟಡದ ಉದ್ದಕ್ಕೂ ನಿಲ್ಲೋದೇ ಇಲ್ಲ. ಇಲ್ಲಿ ಟಿಕೆಟ್ 300 ಬಾತ್, ಎದುರು ದಡದ ವಾಟ್ ಅರುಣ್‌ಗೆ 200. ಅರಮನೆಯೂ ಸೇರಿ ತಲೆಗೆ ಸಾವಿರ ಬಾತ್ ಬರೀ ಟಿಕೆಟ್ಟಿಗೇ ಹೋಯಿತು. ಉಳಿಸಬೇಕು ಅಂದರೆ ಓಡಾಟದಲ್ಲೇ ಉಳಿಸಬೇಕು.

ಈಗ ದೋಣಿ.

ವಾಟ್ ಫೋ ಹಿಂದಿನ ತಾ ತಿಯೆನ್ ದೋಣಿಕಟ್ಟೆಯಿಂದ ನದಿ ದಾಟಿಸೋ ದೋಣಿಗೆ 5 ಬಾತ್. ಎರಡು ಮೂರು ನಿಮಿಷದಲ್ಲಿ ವಾಟ್ ಅರುಣ್, ನಮ್ಮ ಅರುಣನ ಹೆಸರಿನದೇ. ಅದನ್ನು ನೋಡಿಕೊಂಡು, ಆ ದಡದಿಂದಲೇ ಕಿತ್ತಳೆ ಬಾವುಟದ ದೊಡ್ಡ ದೋಣಿ ಹತ್ತಿದೆವು. ಚಾವೊ ಫ್ರಾಯಾ ನದಿಯ ಸಿಟಿ ಬಸ್ ಇದು. ಶಾಲೆ ಮಕ್ಕಳು, ಆಫೀಸಿನವರು, ಕಾಷಾಯ ಉಟ್ಟ ಭಿಕ್ಕುಗಳು, ಎಲ್ಲರೂ ಇದರಲ್ಲೇ. ಎಲ್ಲಿ ಹತ್ತಿ ಎಲ್ಲಿ ಇಳಿದರೂ 16 ಬಾತ್. ಕಂಡಕ್ಟರ್ ಹೆಂಗಸಿನ ಕೈಯಲ್ಲಿ ಉದ್ದನೆ ತಗಡಿನ ಕೊಳವೆ, ಅದರಲ್ಲೇ ಚಿಲ್ಲರೆ, ಅದರಲ್ಲೇ ಟಿಕೆಟ್ ಸುರುಳಿ. ಅದನ್ನು ಝಲ್ ಝಲ್ ಅಂತ ಅಲ್ಲಾಡಿಸುತ್ತಾ ಬರುತ್ತಾರೆ, ಟಿಕೆಟ್ ಅಂತ ಬಾಯಲ್ಲಿ ಕೇಳೋದೇ ಬೇಕಿಲ್ಲ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಗಾಳಿ ಬಂತು. ಬೆಳಗ್ಗೆಯಿಂದ ಬೆವರಿಗೆ ಅಂಟಿಕೊಂಡಿದ್ದ ಅಂಗಿ ಬೆನ್ನಿನಿಂದ ಬಿಟ್ಟಿತು ನೋಡಿ, ಆವಾಗಲೇ ತೀರ್ಮಾನ ಮಾಡಿದೆ, ಇನ್ನು ಈ ಊರಲ್ಲಿ ಕಾರು ಹತ್ತಲ್ಲ. ಟ್ಯಾಕ್ಸಿಯಲ್ಲೂ ಕೂತಿದ್ದೆ, ಆದರೆ ಅಲ್ಲಿ ಕೂತು ನೋಡಿದ್ದು ಮುಂದಿನ ಕಾರಿನ ನಂಬರ್ ಪ್ಲೇಟು. ಇಲ್ಲಿ ಕೂತಲ್ಲೇ ಗೋಪುರ, ಸೇತುವೆ, ದಡದ ಹಳೇ ಮರದ ಮನೆಗಳು ಎಲ್ಲ ತಾವಾಗಿ ಬರುತ್ತವೆ.

ತೊಂದರೆ ಒಂದೇ. ಇದು ನಿಲ್ಲಲ್ಲ.

ನಿಲ್ಲಲ್ಲ ಅಂದರೆ ನಿಜಕ್ಕೂ ನಿಲ್ಲಲ್ಲ. ದೋಣಿಯ ಹಿಂಭಾಗದಲ್ಲಿ ಒಬ್ಬ ಸೀಟಿ ಹಿಡಿದು ನಿಂತಿರುತ್ತಾನೆ. ಅವನ ಸೀಟಿ ಕೇಳಿಕೊಂಡೇ ಮುಂದೆ ಕೂತವನು ದೋಣಿಯನ್ನು ಕಟ್ಟೆಗೆ ತಾಗಿಸುತ್ತಾನೆ. ಹಗ್ಗ ಒಂದು ಸುತ್ತು, ಜನ ಹಾರಿ ಇಳಿದರು, ಜನ ಹಾರಿ ಹತ್ತಿದರು, ಸೀಟಿ, ಹಗ್ಗ ಬಿಚ್ಚಿತು, ಹೊರಟಿತು. ಅರ್ಧ ನಿಮಿಷ ಅಂದರೆ ಜಾಸ್ತಿಯಾಯಿತು. ಶೆಟ್ಟಿಗೆ ಇದು ಬಹಳ ಹಿಡಿಸಿತು, ಮಂಗಳೂರಿನ ಸಿಟಿ ಬಸ್ಸಿನಲ್ಲಿ ಬೆಳೆದವನು, ಸೀಟಿಯ ಭಾಷೆ ಅವನಿಗೆ ಗೊತ್ತು. ಸಮಸ್ಯೆ ಆಗಿದ್ದು ಭಟ್ಟನಿಂದ. ಇಳಿಯೋಕೆ ದಾರಿ ಇರೋದು ಹಿಂದೆ, ಅವನು ಕೂತಿದ್ದು ಎಲ್ಲಕ್ಕಿಂತ ಮುಂದೆ, ವಿಡಿಯೋ ಮಾಡೋಕೆ. ನಾವು ಇಳಿಯಬೇಕಿದ್ದದ್ದು ರಾಚವೋಂಗ್ ಕಟ್ಟೆ, ಚೈನಾಟೌನ್‌ಗೆ. ಮೂವರು ಹಿಂದೆ ಬಂದು ನಿಂತೆವು, ಕೂಗಿದೆವು, "ಬಂದೆ ಬಂದೆ" ಅಂದ, ಬಂದ, ನಡುವೆ ಶಾಲೆ ಮಕ್ಕಳ ಗುಂಪು, ಅವರ ಬೆನ್ನಿಗೆ ದೊಡ್ಡ ದೊಡ್ಡ ಬ್ಯಾಗು. ನಾವು ಕಟ್ಟೆ ಮೇಲೆ ನಿಂತು ತಿರುಗಿ ನೋಡುವಷ್ಟರಲ್ಲಿ ದೋಣಿಗೂ ಕಟ್ಟೆಗೂ ಒಂದು ಮಾರು ನೀರು. ಆ ಕಡೆ ಭಟ್ಟ, ಕೈಯಲ್ಲಿ ಇನ್ನೂ ಮೊಬೈಲ್ ಎತ್ತಿಯೇ ಹಿಡಿದಿದ್ದ. ಆ ವಿಡಿಯೋ ಇದೆ. ನಾವು ಮೂವರು ಬಾಯಿ ಬಿಟ್ಟುಕೊಂಡು ಚಿಕ್ಕವರಾಗುತ್ತಾ ಹೋಗುತ್ತೇವೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನಾಲ್ವರಿಗೆ ಸೇರಿ ಒಂದೇ ಸಿಮ್ ತೆಗೆದುಕೊಂಡಿದ್ದೆವು, ಉಳಿದವರು ಹಾಟ್‌ಸ್ಪಾಟ್ ಹಾಕಿಕೊಳ್ಳೋದು ಅಂತ, ಅದು ನನ್ನ ಫೋನಿನಲ್ಲಿ. ದುಡ್ಡನ್ನೂ ಎಲ್ಲರದ್ದೂ ಒಟ್ಟು ಮಾಡಿ ಒಂದು ಪರ್ಸಿಗೆ ಹಾಕಿದ್ದೆವು, ಅದೂ ನನ್ನ ಹತ್ತಿರ. ಅವನ ಜೇಬಿನಲ್ಲಿ ಇದ್ದದ್ದು ಬೆಂಗಳೂರು ಮೆಟ್ರೋ ಕಾರ್ಡ್ ಮತ್ತು ಅಡಿಕೆ ಡಬ್ಬಿ. ಗೌಡ ಮುಂದಿನ ದೋಣಿಯಲ್ಲಿ ಹೋಗಿ ಹುಡುಕೋಣ ಅಂದ, ಶೆಟ್ಟಿ ಬೇಡ, ಅವನು ವಾಪಸ್ ಬಂದರೆ ನಾವು ಇಲ್ಲಿರಲ್ಲ ಅಂದ, ಇಬ್ಬರೂ ನನಗೆ ಬೈದರು. ಕಾದೆವು. ಮುಕ್ಕಾಲು ಗಂಟೆ ಆದ ಮೇಲೆ ಬಂದ, ನದಿ ಕಡೆಯಿಂದ ಅಲ್ಲ, ರಸ್ತೆ ಕಡೆಯಿಂದ. ಮುಂದಿನ ಕಟ್ಟೆಯಲ್ಲಿ ಇಳಿದು, ತಲಾತ್ ನೋಯ್ ಗಲ್ಲಿಗಳಲ್ಲಿ ದಾರಿ ಕೇಳಿಕೊಂಡು ನಡೆದು ಬಂದಿದ್ದ. "ಏನ್ ಗೊತ್ತಾ, ಮನೆ ಬಾಗಿಲಲ್ಲೆಲ್ಲ ಹಳೇ ಕಾರಿನ ಎಂಜಿನ್ ರಾಶಿ ಹಾಕವ್ರೆ, ಥೇಟ್ ನಮ್ ಜೆ.ಸಿ. ರೋಡು" ಅಂತ ಖುಷಿಯಲ್ಲಿದ್ದ. ನಮಗೆ ಸಿಟ್ಟು ಬಂದರೂ ಕೂಗಾಡೋಕೆ ಶಕ್ತಿ ಇರಲಿಲ್ಲ.

ಹಾಗಾಗಿ ದೋಣಿ ಹತ್ತುವವರು ಒಂದು ಕೆಲಸ ಮಾಡಿ. ನಿಮ್ಮ ಕಟ್ಟೆಗಿಂತ ಒಂದು ಕಟ್ಟೆ ಮೊದಲೇ ಎದ್ದು ಹಿಂದೆ ಬಂದು ನಿಂತುಬಿಡಿ. ಇನ್ನೊಂದು, ಸಂಜೆಯಾದ ಮೇಲೆ ಈ ದೋಣಿ ಓಡಲ್ಲ. ರಾತ್ರಿಗೆ ಮೆಟ್ರೋನೇ ಗತಿ.

ಊಟದಲ್ಲೂ ಇದೇ ಥರ ಎರಡು ಕಡೆ ತಿಂದು ನೋಡಿದೆವು. ಯಾವೊರಾತ್, ಅಂದರೆ ಚೈನಾಟೌನ್‌ನ ದೊಡ್ಡ ಬೀದಿ, ಸಂಜೆ ಆರರ ಮೇಲೆ ರಸ್ತೆಯೇ ಅಡುಗೆಮನೆ. ರುಚಿಯಲ್ಲಿ ಇದಕ್ಕೆ ಎದುರಿಲ್ಲ. ಸುಟ್ಟ ಸಿಗಡಿ, ಮೆಣಸಿನ ಖಾರದ ಹಂದಿ ಸೂಪು, ದಾಳಿಂಬೆ ರಸ, ಬಿಸಿ ಮರಳಲ್ಲಿ ಹುರಿದ ಚೆಸ್ಟ್‌ನಟ್. ಶೆಟ್ಟಿ ಸಿಗಡಿ ತಲೆಯನ್ನೂ ಬಿಡಲಿಲ್ಲ. ಆದರೆ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿಗೆ ಅರ್ಧ ಗಂಟೆ ಕ್ಯೂ ನಿಂತು, ಕೂತ ಮೇಲೆ ಹಿಂದೆ ನಿಂತವರು ಎದ್ದೇಳಲಿ ಅಂತ ಕಾಯುತ್ತಿದ್ದರೆ, ಅವತ್ತಿನ ನಮ್ಮ ಸ್ಥಿತಿಗೆ ಅದು ಊಟ ಅಲ್ಲ, ಡ್ಯೂಟಿ. ಭಟ್ಟನಿಗೆ ಸಿಕ್ಕಿದ್ದು ಮಾವಿನಹಣ್ಣು ಜೊತೆ ತೆಂಗಿನಹಾಲಿನ ಅಂಟು ಅನ್ನ ಒಂದೇ. ತರಕಾರಿ ಅಂತ ಕೊಟ್ಟದ್ದರಲ್ಲೂ ಮೀನಿನ ಸಾಸ್ ಇರುತ್ತದೆ. ಹಳದಿ ಬಾವುಟದ ಮೇಲೆ ಕೆಂಪಗೆ 17 ಅಂತ ಬರೆದ ಹಾಗೆ ಕಾಣೋ ಅಕ್ಷರ ಇದ್ದರೆ ಅದು "ಜೇ", ಅಲ್ಲಿ ಮಾಂಸ ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮಠದ ಊಟ ಅಂದುಕೊಳ್ಳಿ. ಆ ರಾತ್ರಿ ಆ ಬೀದಿಯಲ್ಲಿ ನಮ್ಮ ಕಣ್ಣಿಗೆ ಅದು ಬೀಳಲಿಲ್ಲ.

ಕೊನೆಗೆ ವಾಟ್ ಮಂಗ್‌ಕೋನ್ ಸ್ಟೇಷನ್ನಿಂದ ಮೆಟ್ರೋ ಹಿಡಿದು ಅಸೋಕ್‌ಗೆ ವಾಪಸ್, ಟರ್ಮಿನಲ್ 21 ಮಾಲ್‌ನ ಫುಡ್ ಕೋರ್ಟ್. ಮೊದಲು ಕೌಂಟರಿನಲ್ಲಿ ಕಾರ್ಡಿಗೆ ದುಡ್ಡು ಹಾಕಿಸಬೇಕು, ಉಳಿದದ್ದನ್ನು ಎದ್ದು ಹೋಗುವಾಗ ವಾಪಸ್ ಕೊಡುತ್ತಾರೆ. ಅಲ್ಲಿ ಜೇ ಕೌಂಟರ್ ಇತ್ತು. ಅನ್ನ, ಎರಡು ಪಲ್ಯ, 50 ಬಾತ್ ಒಳಗೆ. ರುಚಿ ಸುಮಾರು. ಆದರೆ ಬೆನ್ನಿಗೆ ಆನಿಕೆ ಇರುವ ಕುರ್ಚಿ, ಎಸಿ, ಹತ್ತಿರದಲ್ಲೇ ಹೋಟೆಲ್. ಭಟ್ಟ ಎರಡು ಪ್ಲೇಟ್ ತಿಂದ. ನಾನು ಮೀನು ತಿನ್ನುವವನು, ಯಾವೊರಾತ್ ಮೇಲೆ ನನಗೇನೂ ಕೋಪವಿಲ್ಲ, ಮೂರನೇ ದಿನ ಮತ್ತೆ ಹೋದೆ, ನಿದ್ದೆ ಮಾಡಿ ಹೋದೆ, ಖುಷಿಯಾಗಿ ತಿಂದೆ. ಮೊದಲ ದಿನಕ್ಕೆ ಮಾತ್ರ ಫುಡ್ ಕೋರ್ಟೇ ಸರಿ.

ಕೈಯಲ್ಲಿ ದುಡ್ಡು ಜಾಸ್ತಿ ಇರುವವರು, ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ದೋಣಿಯಿಂದ ಹಾರಿ ಇಳಿಯೋದು ಬೇಡ, ಬೆಳಗ್ಗೆ ಬೇಗ ಟ್ಯಾಕ್ಸಿ ಮಾಡಿ. ಟುಕ್‌ಟುಕ್ ರಾತ್ರಿ ಒಂದು ಸಲ ಮಜಾಕ್ಕೆ ಹತ್ತಿ, ದರ ಮೊದಲೇ ಮಾತಾಡಿಕೊಂಡು. ನಮ್ಮಂಥವರು ಅಸೋಕ್‌ನಿಂದ ಸ್ಕೈಟ್ರೇನ್, ಅಂದರೆ ಮೇಲ್ಸೇತುವೆ ಮೇಲೆ ಓಡೋ ರೈಲು ಹತ್ತಿ, ಸಯಾಮ್‌ನಲ್ಲಿ ಬದಲಾಯಿಸಿ, ಸಫಾನ್ ತಾಕ್ಸಿನ್‌ನಲ್ಲಿ ಇಳಿದರೆ ಕೆಳಗೇ ಸಾಥೋರ್ನ್ ಕಟ್ಟೆ, ಅಲ್ಲಿಂದ ತಾ ಚಾಂಗ್ ಕಟ್ಟೆಗೆ ದೋಣಿ, ಅರಮನೆ ಪಕ್ಕದಲ್ಲೇ. ಮರುದಿನದಿಂದ ನಾವು ನದಿ ಕಡೆ ಹೋದಾಗಲೆಲ್ಲ ದೋಣಿಯೇ. ಹತ್ತುವ ಮೊದಲು ಭಟ್ಟನ ಜೇಬಿಗೆ 100 ಬಾತ್ ನೋಟು ಹಾಕಿ, ಮೊಬೈಲ್ ಕಿತ್ತುಕೊಂಡು, ಅವನನ್ನು ಸೀಟಿಯವನ ಪಕ್ಕದಲ್ಲೇ ನಿಲ್ಲಿಸುತ್ತಿದ್ದೆವು.