ಟೇಬಲ್ ಹಲಗಿ ಬಾರಿಸೋದು ನಿಂತಿತು: ಐಸೋಅಕೌಸ್ಟಿಕ್ಸ್ ಐಸೋ-155 ಸ್ಟ್ಯಾಂಡ್

ನನ್ನ ಸ್ಟುಡಿಯೋ ಅಂದರೆ ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ ಮಹಡಿಯ ಒಂದು ರೂಮು. ಹನ್ನೆರಡಕ್ಕೆ ಹತ್ತು ಅಡಿ. ಭಜನಾ ಪದ, ಗೀಗೀ ಪದ, ಹೋಳಿ ಹತ್ತಿರ ಬಂತೆಂದರೆ ಹಲಗಿ ಅನ್ನೋ ಚರ್ಮವಾದ್ಯದ ಮೇಳ, ಇವೇ ಇಲ್ಲಿ ರೆಕಾರ್ಡ್ ಆಗೋದು. ಸ್ಪೀಕರ್ ಯಮಾಹಾ ಎಚ್‌ಎಸ್5. ಐದು ವರ್ಷದಿಂದ ಅದೇ ಜೋಡಿ. ಅದರ ಮೇಲೆ ನನಗೆ ಪೂರ್ತಿ ನಂಬಿಕೆ.

ಹೋದ ವರ್ಷ ಹೋಳಿಗೆ ಮುಂಚೆ ಒಂದು ಮೇಳದ ಹಾಡು ಮಿಕ್ಸ್ ಮಾಡಿ ಕೊಟ್ಟೆ. ಮೇಳದ ಹಿರಿಯರು ಪೆನ್‌ಡ್ರೈವ್ ಒಯ್ದು ಟ್ರ್ಯಾಕ್ಟರ್‌ನಲ್ಲಿ ಹಾಕಿ ಕೇಳಿದ್ದಾರೆ. ಮರುದಿನ ಬಂದವರೇ, "ತಮ್ಮಾ, ಕಡ್ಡಿ ಸಪ್ಪಳ ಐತಿ, ಹಲಗಿ ಎಲ್ಲೈತಿ?" ಅಂದರು. ನನಗೆ ಎದೆ ಧಸಕ್ ಅಂತು. ಬಾರಿಸುವ ಮುಂಚೆ ಪ್ರತಿ ಸಲ ಬೆಂಕಿ ಹಾಕಿ, ಚರ್ಮ ಕಾಯಿಸಿ, ಬೆರಳಲ್ಲಿ ತಟ್ಟಿ ದನಿ ನೋಡುವವರು ಅವರು. ಅಷ್ಟು ಕಾಳಜಿಯಿಂದ ತಂದ ಆ 'ಗುಂ' ದನಿಯನ್ನು ನಾನು ಈಕ್ಯೂ (ದಪ್ಪ, ಸಣ್ಣ ದನಿಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ) ಹಾಕಿ ಕತ್ತರಿಸಿಬಿಟ್ಟಿದ್ದೆ.

ಕತ್ತರಿಸಿದ್ದು ಯಾಕೆಂದರೆ, ನಾನು ಕೂತ ಜಾಗದಲ್ಲಿ ಅದು ಜಾಸ್ತಿ ಕೇಳಿಸುತ್ತಿತ್ತು. ಹಾಡಿನಲ್ಲಿ ಇದ್ದ ದನಿಗೆ ಟೇಬಲ್ ತನ್ನದೊಂದಿಷ್ಟು ಸೇರಿಸುತ್ತಿತ್ತು.

ಈ ಟೇಬಲ್ ಬಗ್ಗೆ ಹೇಳಲೇಬೇಕು. ಆಲಮಟ್ಟಿ ಹಿನ್ನೀರು ಬರುತ್ತದೆ ಅಂತ ಹಳೇ ಊರಿನ ಮನೆ ಬಿಚ್ಚಿದಾಗ ಅಪ್ಪ ತಲೆಬಾಗಿಲನ್ನು ಜೋಪಾನವಾಗಿ ತಂದಿದ್ದರು. ಅದೇ ಬಾಗಿಲು ಈಗ ನನ್ನ ಟೇಬಲ್. ಸಾಗವಾನಿ ಚೌಕಟ್ಟು, ಅದರೊಳಗೆ ತೆಳು ಹಲಗೆ, ಮೇಲೆ ಮಟ್ಟಸ ಬರಲಿ ಅಂತ ಬಡಿಗೇರರು ಹೊಡೆದ ಪ್ಲೈವುಡ್. ಎರಡರ ನಡುವೆ ಟೊಳ್ಳು. ಸ್ಪೀಕರ್ ಕೋನ್, ಅಂದರೆ ದನಿ ಹೊರಡಿಸುವ ಪರದೆ, ಮುಂದಕ್ಕೆ ನೂಕಿದಾಗೆಲ್ಲ ಅದರ ಪೆಟ್ಟಿಗೆ ಹಿಂದಕ್ಕೆ ಒದೆಯುತ್ತದೆ. ಆ ನಡುಕ ಟೇಬಲ್‌ಗೆ ಇಳಿದರೆ ಈ ಹಲಗೆಯೇ ಹಲಗಿ ಆಗುತ್ತದೆ. ಟೇಬಲ್ ಬದಲಿಸು ಅಂತ ಗೆಳೆಯರು ಹೇಳಿದರು. ಅದು ಮಾತ್ರ ಆಗದ ಮಾತು.

ಮೊದಲು ಆನ್‌ಲೈನ್‌ನಲ್ಲಿ ಅಗ್ಗದ ಫೋಮ್ ತರಿಸಿದೆ. ಎಚ್‌ಎಸ್5 ತೂಕ 5.3 ಕಿಲೋ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಫೋಮ್ ಮುಂಭಾಗ ಕುಸಿದು ಸ್ಪೀಕರ್ ನನ್ನ ಕಡೆ ವಾಲಿತು. ಪೂರ್ತಿ ಒತ್ತಿಹೋದ ಫೋಮ್ ನಡುಕವನ್ನು ತಡೆಯುವುದಿಲ್ಲ, ಸೀದಾ ಕೆಳಗೆ ದಾಟಿಸುತ್ತದೆ. ತೀರಾ ಗಟ್ಟಿ ಫೋಮ್ ಆದರೂ ಅದೇ ಕಥೆ. ಸ್ಪೀಕರ್ ತೂಕಕ್ಕೆ ಹೊಂದಬೇಕು. ಆಮೇಲೆ ಹೊಸ ಫೋಮ್ ಹಾಕಿ, ಅದರ ಮೇಲೆ ಇಳಕಲ್ ಕೆಂಪು ಗ್ರಾನೈಟಿನ ಉಳಿಕೆ ತುಂಡು ಇಟ್ಟು ಸ್ಪೀಕರ್ ಕೂರಿಸಿದೆ. ಭಾರ ಜಾಸ್ತಿ ಆದಷ್ಟೂ ಪೆಟ್ಟಿಗೆಯ ಒದೆತ ಕಮ್ಮಿ. ನಿಜಕ್ಕೂ ಸುಧಾರಿಸಿತು. ಆದರೆ ಮೌಸ್ ಸರಿಸಿದರೂ ಸ್ಪೀಕರ್ ತೂಗಾಡುತ್ತಿತ್ತು.

ಕೊನೆಗೆ ಐಸೋ-155 ತಗೊಂಡೆ. ನಡುಕ ಟೇಬಲ್ಲಿಗೆ ಇಳಿಯದ ಹಾಗೆ ಸ್ಪೀಕರ್ ಕೆಳಗೆ ಇಡುವ ಸ್ಟ್ಯಾಂಡ್ ಇದು. ಕೆನಡಾದ ಕಂಪನಿಯದು. ಕೆಳಗೊಂದು ಚೌಕಟ್ಟು, ಮೇಲೊಂದು ಚೌಕಟ್ಟು, ನಡುವೆ ನಾಲ್ಕು ಕೊಳವೆ, ಕೊಳವೆಯ ತುದಿಗಳಲ್ಲಿ ರಬ್ಬರ್ ಬಟ್ಟಲು. ಸ್ಕ್ರೂಡ್ರೈವರ್ ಬೇಕಿಲ್ಲ, ಕೈಯಲ್ಲೇ ಒತ್ತಿ ಕೂರಿಸಬಹುದು. ಸ್ಪೀಕರ್ ಇಟ್ಟು ಬೆರಳಲ್ಲಿ ನೂಕಿದರೆ ಚೂರೇ ಚೂರು ಅಲುಗಿ ತಟ್ಟನೆ ನಿಲ್ಲುತ್ತದೆ. ಫೋಮಿನ ಮೇಲಿನ ತೂಗಾಟ ಇಲ್ಲಿಲ್ಲ.

ಪರೀಕ್ಷೆ ಹೀಗೆ ಮಾಡಿದೆ. ವೈರುಗಳಿಂದ ದೂರ, ಟೇಬಲ್‌ನ ಒಂದು ಮೂಲೆಯಲ್ಲಿ ಸ್ಟೀಲ್ ತಟ್ಟೆ ಇಟ್ಟು ಅರ್ಧ ಬೆರಳು ನೀರು ಹಾಕಿದೆ. ಸೈನ್ ಟೋನ್ (ಒಂದೇ ಸ್ವರದ ಪರೀಕ್ಷಾ ದನಿ) 60 ಹರ್ಟ್ಸ್‌ನಿಂದ ಶುರು ಮಾಡಿ ನಿಧಾನವಾಗಿ ಏರಿಸಿದೆ. ಸ್ಪೀಕರ್ ನೇರವಾಗಿ ಟೇಬಲ್ ಮೇಲೆ ಇದ್ದಾಗ 130ರ ಹತ್ತಿರ ನೀರಿನಲ್ಲಿ ಬಿದ್ದ ಟ್ಯೂಬ್‌ಲೈಟ್ ಬಿಂಬ ಚೂರುಚೂರಾಯಿತು. ಅಂಗೈ ಇಟ್ಟರೆ ಜುಮ್ ಅನ್ನುತ್ತಿತ್ತು. ಸ್ಟ್ಯಾಂಡ್ ಹಾಕಿ ಅದೇ ವಾಲ್ಯೂಮ್‌ನಲ್ಲಿ ಮತ್ತೆ ಏರಿಸಿದೆ. ಬಿಂಬ ಸಣ್ಣಗೆ ನಡುಗಿತು, ಒಡೆಯಲಿಲ್ಲ. ಅಂಗೈಗೆ ಏನೂ ತಿಳಿಯಲಿಲ್ಲ.

ಆಮೇಲೆ ಅದೇ ಹಲಗಿ ಹಾಡು ತೆರೆದೆ. ನಾನು ಕತ್ತರಿಸಿದ್ದ ಜಾಗ ಬಾವಿ ತೋಡಿದ ಹಾಗೆ ಬರಿದಾಗಿ ಕೇಳಿಸಿತು! ಆ ಈಕ್ಯೂ ತೆಗೆದೆ. ಚರ್ಮದ ದನಿ ಒಂದು ಕಡೆ, ಕಡ್ಡಿಯ ಟಣಟಣ ಇನ್ನೊಂದು ಕಡೆ, ಎರಡೂ ಬಿಡಿಬಿಡಿಯಾಗಿ ನಿಂತವು. ಹೊಸ ಮಿಕ್ಸನ್ನು ಹಿರಿಯರಿಗೆ ಕಳಿಸಿದೆ. ಟ್ರ್ಯಾಕ್ಟರ್‌ನಲ್ಲೇ ಕೂತು ಫೋನ್ ಮಾಡಿದರು. ಹಿಂದೆ ಹಾಡು ಜೋರಾಗಿ ನಡೆದಿತ್ತು, ಮಾತು ಸರಿಯಾಗಿ ಕೇಳಿಸಲಿಲ್ಲ. ಹಲಗಿ ಮಾತ್ರ ಕೇಳಿಸಿತು.

ಎತ್ತರಕ್ಕೆ ಎರಡು ಬಗೆಯ ಕೊಳವೆ ಬರುತ್ತವೆ, ಗಿಡ್ಡ ಮತ್ತು ಉದ್ದ. ನನ್ನ ಟೇಬಲ್‌ಗೆ ಉದ್ದದ್ದೇ ಸರಿ. ಈಗ ಟ್ವೀಟರ್, ಅಂದರೆ ಸಣ್ಣ ದನಿಯ ಚಿಕ್ಕ ಸ್ಪೀಕರ್, ನನ್ನ ಕಿವಿಯ ನೇರಕ್ಕಿದೆ. ಟೇಬಲ್ ಮೇಲೆ ಬಡಿದು ವಾಪಸ್ ಬರುವ ದನಿಯೂ ಸ್ವಲ್ಪ ತಗ್ಗಿದೆ, ಪೂರ್ತಿ ಹೋಗಿಲ್ಲ. ಗಿಡ್ಡದ್ದು ಹಾಕುವವರು ಜೊತೆಗೆ ಬರುವ ಸಣ್ಣ ತುಂಡುಗಳನ್ನು ಸೇರಿಸಿ ಸ್ಪೀಕರನ್ನು ಚೂರು ಮೇಲಕ್ಕೆ ಮುಖ ಮಾಡಿಸಿಕೊಳ್ಳಬಹುದು.

ದುಡ್ಡು ಸಣ್ಣದಲ್ಲ. ಎರಡು ಮೇಳದ ರೆಕಾರ್ಡಿಂಗ್‌ನಿಂದ ಬಂದದ್ದು ಇದಕ್ಕೇ ಹೋಯಿತು. ಕೊಟ್ಟಿದ್ದಕ್ಕೆ ಬೇಸರವಿಲ್ಲ. ಆದರೆ ರೂಮಿನ ದೋಷ ಇದರಿಂದ ಹೋಗಲ್ಲ, ಆ ಆಸೆ ಇಟ್ಟುಕೊಂಡು ತಗೋಬೇಡಿ. ಮೂಲೆಯಲ್ಲಿ ಬೇಸ್ ಗುಂಯ್‌ಗುಟ್ಟುವುದು ನಮ್ಮ ಮನೆಯಲ್ಲಿ ಈಗಲೂ ಇದೆ. ಪಕ್ಕದ ಮನೆಯವರಿಗೂ ಮೊದಲಿನಷ್ಟೇ ಕೇಳುತ್ತದೆ, ಯಾಕೆಂದರೆ ಗಾಳಿಯಲ್ಲಿ ಹೋಗುವ ದನಿಗೆ ಈ ಸ್ಟ್ಯಾಂಡ್ ಅಡ್ಡ ಬರುವುದಿಲ್ಲ. ಎಚ್‌ಎಸ್5ರ ಪೋರ್ಟ್ (ಬೇಸ್ ಹೊರಬರುವ ತೂತು) ಹಿಂದೆ ಇರುವುದರಿಂದ ಗೋಡೆಯಿಂದ ದೂರ ಇಡಿ. ಜಾಗ ಇಲ್ಲದಿದ್ದರೆ ಹಿಂದೆ ಇರುವ, ಬೇಸ್ ತಗ್ಗಿಸುವ ರೂಮ್ ಕಂಟ್ರೋಲ್ ಸ್ವಿಚ್ಚನ್ನು ಮೈನಸ್ 2ಕ್ಕೆ ಹಾಕಿ ಕೇಳಿ ನೋಡಿ.

ನಿಮ್ಮ ಟೇಬಲ್ ಕಡಪಾ ಕಲ್ಲಿನದೋ ದಪ್ಪ ಗಟ್ಟಿ ಮರದ್ದೋ ಆಗಿದ್ದರೆ ಇಷ್ಟು ಫರಕು ಕಾಣಲಿಕ್ಕಿಲ್ಲ. ಆರ್ಡರ್ ಮಾಡುವ ಮುಂಚೆ ಒಂದು ತಟ್ಟೆ ನೀರು ಇಟ್ಟು ನೋಡಿ.